ಕಡಲ ತೀರದ ಹಳೆ ಮನೆಯಲ್ಲಿ ನನ್ನ ಪಾಲಿಗೆ ಬಂದ ಜಗಲಿ

ಒಂದು ಹಳೆಯ ದೊಡ್ಡ ಮನೆ. ಮಾಲೀಕರು ಕೆಲವು ತಿಂಗಳ ಮಟ್ಟಿಗೆ ಅದನ್ನು ಖಾಲಿ ಮಾಡಿ ಒಂದು ಸೇವಾ ಸಂಸ್ಥೆಯ ಕೈಗೆ ಕೊಡುತ್ತಾರೆ. ಸಂಸ್ಥೆಯವರು ಡಿಸೈನರ್‌ಗಳನ್ನು ಕರೆದು ಒಬ್ಬೊಬ್ಬರಿಗೆ ಒಂದೊಂದು ಕೋಣೆ ಹಂಚುತ್ತಾರೆ. ನಾವು ನಮ್ಮ ಖರ್ಚಿನಲ್ಲೇ ಅದನ್ನು ಸಿಂಗರಿಸುತ್ತೇವೆ. ಜನ ಟಿಕೆಟ್ ಕೊಂಡು ಬಂದು ನೋಡುತ್ತಾರೆ, ಆ ದುಡ್ಡು ಸಂಸ್ಥೆಗೆ ಹೋಗುತ್ತದೆ. ಅಮೆರಿಕದಲ್ಲಿ ಇದಕ್ಕೆ ಶೋಹೌಸ್ ಅನ್ನುತ್ತಾರೆ. ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ 1965ರಲ್ಲಿ ಸಂಗೀತದ ಕೆಲಸಗಳಿಗೆ ಹಣ ಕೂಡಿಸಲು ಶುರುವಾದದ್ದು ಇಂದಿಗೂ ನಡೆಯುತ್ತಿದೆ. ನ್ಯೂಯಾರ್ಕ್‌ನ ಕಿಪ್ಸ್ ಬೇ ಶೋಹೌಸ್ 1973ರದ್ದು, ಅದರ ದುಡ್ಡು ಮಕ್ಕಳ ಕ್ಲಬ್ಬಿಗೆ. ಅಲ್ಲಿ ಒಂದು ಕೋಣೆ ಸಿಕ್ಕರೆ ಡಿಸೈನರ್ ಹೆಸರು ದೇಶಕ್ಕೆಲ್ಲಾ ಗೊತ್ತಾಗುತ್ತದೆ.

ನಾನು ಕೆಲಸ ಮಾಡಿದ್ದು ಅಷ್ಟು ದೊಡ್ಡದರಲ್ಲಿ ಅಲ್ಲ. ಬಾಸ್ಟನ್ ನಗರದಿಂದ ಉತ್ತರಕ್ಕೆ ಕಡಲಗುಂಟ ಹೋದರೆ ಸೇಲಂ, ಮಾರ್ಬಲ್‌ಹೆಡ್, ಗ್ಲಾಸ್ಟರ್ ಮುಂತಾದ ಹಳೆಯ ಊರುಗಳು ಬರುತ್ತವೆ. ಆ ಕಡೆಯ ಒಂದು ಮನೆ ಅದು. ಮಾಲೀಕರು ಈಗ ಅಲ್ಲೇ ವಾಸ ಇದ್ದಾರೆ, ಆದ್ದರಿಂದ ಊರು ಯಾವುದು ಅಂತ ಬರೆಯುವುದಿಲ್ಲ. ಹಣ ಹೋಗುವುದು ಮನೆಮನೆಗೆ ನರ್ಸ್‌ಗಳನ್ನು ಕಳಿಸುವ ಒಂದು ಸಣ್ಣ ಸಂಸ್ಥೆಗೆ. ಹಾಸಿಗೆ ಹಿಡಿದವರನ್ನು, ಆಸ್ಪತ್ರೆಯಿಂದ ಬಂದವರನ್ನು, ಕೊನೆಯ ದಿನಗಳಲ್ಲಿ ಇರುವವರನ್ನು ಅವರವರ ಮನೆಯಲ್ಲೇ ನೋಡಿಕೊಳ್ಳುವ ಕೆಲಸ ಅವರದು.

ಮನೆ ಶಿಂಗಲ್ ಶೈಲಿಯದು. ಸೀಡರ್ ಮರದ ತೆಳು ಹಲಗೆಗಳನ್ನು ಒಂದರ ಮೇಲೊಂದು ಹೊದಿಸಿ ಗೋಡೆ, ಮಾಡು ಎರಡನ್ನೂ ಮುಚ್ಚಿರುತ್ತಾರೆ. 1880ರ ದಶಕದಲ್ಲಿ ಈ ಕರಾವಳಿಯಲ್ಲಿ ಇಂಥ ಬೇಸಿಗೆ ಮನೆಗಳು ಸಾಲುಸಾಲಾಗಿ ಎದ್ದವು. ಬಣ್ಣ ಬಳಿಯದೆ ಬಿಟ್ಟರೆ ಉಪ್ಪುಗಾಳಿ, ಬಿಸಿಲು ಸೇರಿ ಹಲಗೆಯನ್ನು ಬೆಳ್ಳಿಬೂದು ಮಾಡುತ್ತವೆ. ನಾನು ಕುಮಟಾ ಕಡೆಯವಳು. ಉಪ್ಪುಗಾಳಿ ಕಬ್ಬಿಣದ ಮೊಳೆಗೆ, ಬಾಗಿಲ ಚಿಲಕಕ್ಕೆ ಏನು ಮಾಡುತ್ತದೆ ಅಂತ ಚಿಕ್ಕಂದಿನಿಂದ ನೋಡಿದ್ದೇನೆ. ಈ ಕೆಲಸದಲ್ಲಿ ಅದು ಬಹಳ ಉಪಯೋಗಕ್ಕೆ ಬಂತು.

ಕೋಣೆ ಹಂಚುವುದು ಹೀಗೆ. ಖಾಲಿ ಮನೆಯನ್ನು ಡಿಸೈನರ್‌ಗಳಿಗೆ ಒಂದು ದಿನ ತೋರಿಸುತ್ತಾರೆ. ನಮಗೆ ಇಷ್ಟವಾದ ಕೋಣೆಗಳನ್ನು ಕ್ರಮವಾಗಿ ಬರೆದು, ಏನು ಮಾಡುತ್ತೇವೆ ಅಂತ ಚಿತ್ರ, ಬಟ್ಟೆಯ ತುಂಡು, ಬಣ್ಣದ ಚೀಟಿ ಅಂಟಿಸಿದ ಬೋರ್ಡ್ ಕೊಡಬೇಕು. ಸಮಿತಿ ಕೂತು ಆರಿಸುತ್ತದೆ. ಎಲ್ಲರ ಕಣ್ಣು ದೊಡ್ಡ ಹಾಲ್, ಊಟದ ಮನೆ, ಮುಖ್ಯ ಮಲಗುವ ಕೋಣೆಯ ಮೇಲೆ. ನಾನು ಮೊದಲನೇ ಆಯ್ಕೆಯಾಗಿಯೇ ಮಾಳಿಗೆ ಮೇಲಿನ ಜಗಲಿಯನ್ನು ಬರೆದೆ. ಮೂರು ಕಡೆ ತೆರೆದು ಕಡಲಿಗೆ ಮುಖ ಮಾಡಿರುವ ಆ ಜಾಗಕ್ಕೆ ಇಲ್ಲಿ ಸ್ಲೀಪಿಂಗ್ ಪೋರ್ಚ್ ಅನ್ನುತ್ತಾರೆ.

ಅದನ್ನೇ ಕೇಳಿದ್ದಕ್ಕೆ ಕಾರಣ ಇದೆ. ಕ್ಷಯಕ್ಕೆ ಯಾವ ಬ್ಯಾಕ್ಟೀರಿಯಾ ಕಾರಣ ಅಂತ ಜರ್ಮನಿಯ ವೈದ್ಯ ರಾಬರ್ಟ್ ಕಾಕ್ 1882ರಲ್ಲೇ ತೋರಿಸಿದ್ದ. ಆದರೆ ಅದನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಅನ್ನುವ ಔಷಧಿ ಸಿಕ್ಕಿದ್ದು 1943ರಲ್ಲಿ. ನಡುವಿನ ಅರವತ್ತು ವರ್ಷ ವೈದ್ಯರು ಹೇಳುತ್ತಿದ್ದುದು ವಿಶ್ರಾಂತಿ, ಒಳ್ಳೆಯ ಊಟ, ತೆರೆದ ಗಾಳಿ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಆರೋಗ್ಯವಂತರೂ ರಾತ್ರಿ ಹೊರಗಾಳಿಯಲ್ಲಿ ಮಲಗಲು ಇಂಥ ಜಗಲಿ ಕಟ್ಟಿಸಿಕೊಂಡರು. ಅದೇ ಕಾಲದಲ್ಲಿ ನರ್ಸ್‌ಗಳು ಬಡವರ ಮನೆಗಳಿಗೆ ಹೋಗಿ ಕಿಟಕಿ ತೆಗೆದು ಮಲಗಿ ಅಂತ ಹೇಳಿಕೊಡುತ್ತಿದ್ದರು. ಬಾಸ್ಟನ್‌ನಲ್ಲಿ ಮನೆಮನೆಗೆ ನರ್ಸ್ ಕಳಿಸುವ ಸಂಘ ಶುರುವಾದದ್ದು 1886ರಲ್ಲಿ. ಅಂದರೆ ಈ ಜಗಲಿಗೂ ಟಿಕೆಟ್ ದುಡ್ಡು ಸೇರುವ ಕೆಲಸಕ್ಕೂ ನೇರ ನಂಟು ಇದೆ. ದಾನಕ್ಕಾಗಿ ಮಾಡುವ ಕೋಣೆ, ಆ ದಾನ ಯಾರಿಗೆ ಸೇರುತ್ತದೆ ಅನ್ನುವುದನ್ನು ನೋಡುವವರ ಕಣ್ಣಿಗೆ ತರಬೇಕು ಅನ್ನುವುದು ನನ್ನ ನಂಬಿಕೆ. ಬರೀ ಚೆಂದದ ಕೋಣೆ ಫರ್ನಿಚರ್ ಅಂಗಡಿಯಲ್ಲೂ ಇರುತ್ತದೆ ಅಲ್ವಾ?

ಹಾಗಾಗಿ ಬಣ್ಣದ ಚೀಟಿ ಮುಟ್ಟುವ ಮೊದಲೇ ಸಂಸ್ಥೆಯ ಒಬ್ಬ ಹಿರಿಯ ನರ್ಸ್ ಹತ್ತಿರ ಮಾತಾಡಿದೆ. ರೋಗಿಯ ಕೋಣೆಗೆ ಕಾಲಿಟ್ಟಾಗ ಮೊದಲು ಏನು ನೋಡುತ್ತೀರಿ ಅಂತ ಕೇಳಿದೆ. ಅವರು ತಡವರಿಸಲಿಲ್ಲ. ಹಾಸಿಗೆಯಿಂದ ಕೈ ಚಾಚಿದರೆ ನೀರು ಸಿಗುತ್ತದೆಯೇ, ಕನ್ನಡಕ ಸಿಗುತ್ತದೆಯೇ ಅಂತ. ಮಂಚದ ಎತ್ತರ ಎಷ್ಟು, ಕೂತಾಗ ಪಾದ ನೆಲಕ್ಕೆ ತಾಗುತ್ತದೆಯೇ ಅಂತ. ಮಲಗಿದವರಿಗೆ ಕಿಟಕಿ ಕಾಣುತ್ತದೆಯೇ ಅಂತ. ಕೊನೆಗೆ, ನೋಡಿಕೊಳ್ಳುವವರು ಕೂರಲು ಒಳ್ಳೆಯ ಕುರ್ಚಿ ಇದೆಯೇ ಅಂತ. ಹೆಚ್ಚಿನ ಮನೆಗಳಲ್ಲಿ ಅದೊಂದು ಇರುವುದಿಲ್ಲವಂತೆ, ಹೆಂಡತಿಯೋ ಮಗಳೋ ಅಡುಗೆಮನೆಯ ಸ್ಟೂಲ್ ತಂದು ತಿಂಗಳುಗಟ್ಟಲೆ ಅದರ ಮೇಲೇ ಕೂತಿರುತ್ತಾರಂತೆ. ನನ್ನ ಕೋಣೆಯ ನಕ್ಷೆ ಅಲ್ಲಿಗೆ ಮುಗಿಯಿತು. ಎರಡು ಮಂಚ, ಎರಡರ ನಡುವೆ ಕೈಗೆಟುಕುವ ಮೇಜು, ಬೆನ್ನಿಗೆ ಒರಗು ಇರುವ ಅಗಲದ ಒಂದು ಕುರ್ಚಿ. ಕುರ್ಚಿಯ ಮುಖ ಕಡಲಿಗಲ್ಲ, ಮಂಚದ ಕಡೆಗೆ.

ಹಳೆಯ ಮನೆಯಲ್ಲಿ ಕೈಗೆ ಕಟ್ಟು ಜಾಸ್ತಿ. ಮನೆಯನ್ನು ಹೇಗಿತ್ತೋ ಹಾಗೇ ವಾಪಸ್ ಕೊಡಬೇಕು ಅಂತ ಕರಾರು ಇತ್ತು. ಹೊಸ ಮೊಳೆ ಹೊಡೆಯುವಂತಿಲ್ಲ, ಹೊಸ ತೂತು ಕೊರೆಯುವಂತಿಲ್ಲ. ನನಗೆ ಇದು ಒಪ್ಪಿಗೆಯ ಮಾತೇ. ನಮ್ಮ ಕೆಲಸ ಕೆಲವು ವಾರದ್ದು, ಮನೆ ನೂರು ವರ್ಷ ದಾಟಿದ್ದು.

ಬಣ್ಣವೇ ಮೊದಲ ತಲೆನೋವು. ಅಮೆರಿಕದಲ್ಲಿ ಮನೆಗೆ ಬಳಿಯುವ ಸೀಸದ ಬಣ್ಣವನ್ನು ನಿಷೇಧಿಸಿದ್ದು 1978ರಲ್ಲಿ. ಅದಕ್ಕೂ ಹಳೆಯ ಮನೆ ಅಂದರೆ ಬಣ್ಣದ ಕೆಳಗೆ ಸೀಸ ಇದೆ ಅಂತಲೇ ತಿಳಿದು ಹೊರಡಬೇಕು. ಒಂದು ಕೋಣೆಯೊಳಗೆ ಆರು ಚದರ ಅಡಿಗಿಂತ ಜಾಸ್ತಿ ಹಳೆ ಬಣ್ಣವನ್ನು ಕೆರೆಯುವುದಾದರೆ ತರಬೇತಿ ಪಡೆದು ಸರ್ಟಿಫಿಕೇಟ್ ಇರುವ ಗುತ್ತಿಗೆದಾರರೇ ಮಾಡಬೇಕು ಅಂತ ಕಾನೂನು. ಒಣ ಉಜ್ಜುಕಾಗದ ಹಾಕಿ ಉಜ್ಜಿದರೆ ಆ ಪುಡಿ ಮಕ್ಕಳ ಮೆದುಳಿಗೆ ವಿಷ. ಕಂಬಗಳ ಮೇಲೆ ಬಣ್ಣ ಎದ್ದ ಜಾಗವನ್ನಷ್ಟೇ ಅವರ ಕೈಯಲ್ಲಿ ಒದ್ದೆ ಮಾಡಿ ಕೆರೆಸಿ, ಉಳಿದದ್ದರ ಮೇಲೆ ಹಾಗೇ ಹೊಸ ಬಣ್ಣ ಬಳಿಸಿದೆ. ನೆಲ ಇನ್ನೊಂದು ಥರ. ಆ ಕಾಲದಲ್ಲಿ ಇಂಥ ಜಗಲಿಯ ಹಲಗೆ ಮೇಲೆ ಕ್ಯಾನ್ವಾಸ್ ಬಟ್ಟೆ ಎಳೆದು ಅಂಟಿಸಿ, ಮಳೆ ನೀರು ಇಳಿಯದಂತೆ ಅದರ ಮೇಲೆ ಬಣ್ಣ ಬಳಿಯುತ್ತಿದ್ದರು. ಇಲ್ಲಿ ಆ ಬಟ್ಟೆ ಇನ್ನೂ ಗಟ್ಟಿಯಾಗಿತ್ತು. ಮುಟ್ಟದೆ ಬಿಟ್ಟೆ. ಬೇರೆ ಕ್ಯಾನ್ವಾಸ್‌ಗೆ ಬೂದು ಬಿಳಿ ಚೌಕ ಬರೆಸಿ, ಅಡಿಯಲ್ಲಿ ಜಾರದ ಹಾಸು ಇಟ್ಟು ಸುಮ್ನೆ ಹಾಸಿದೆ. ಹಿಂದೆ ಇಲ್ಲಿನ ಎಷ್ಟೋ ಮನೆಗಳಲ್ಲಿ ಇಂಥದ್ದೇ ನೆಲಹಾಸು ಇರುತ್ತಿತ್ತು.

ಆ ನೆಲ ಸಮ ಇರುವುದಿಲ್ಲ, ಇರಲೂಬಾರದು. ಮಳೆ ನೀರು ಹರಿಯಲಿ ಅಂತ ಅಡಿಗೆ ಕಾಲಿಂಚು ಹೊರಗೆ ಇಳಿಜಾರು ಕೊಟ್ಟಿರುತ್ತಾರೆ. ಎಂಟಡಿ ಹೋಗುವಷ್ಟರಲ್ಲಿ ಎರಡು ಇಂಚು ಇಳಿದಿರುತ್ತದೆ. ಮಂಚದ ಒಂದೊಂದು ಕಾಲಿಗೂ ಬೇರೆ ಬೇರೆ ದಪ್ಪದ ಮರದ ತುಂಡು ಕೊಡಿಸಿದೆ. ಮಂಚ ಹಳೆಯ ಸಾಮಾನಿನ ಅಂಗಡಿಯಿಂದ ಸಾಲ ತಂದದ್ದು, ಬಿಳಿ ಎನಾಮಲ್ ಬಳಿದ ಕಬ್ಬಿಣದವು. ಮರದ ಸಂದಿಯಲ್ಲಿ ಧೂಳು, ತಿಗಣೆ ಸೇರುತ್ತವೆ, ಕಬ್ಬಿಣವನ್ನು ಒರೆಸಿದರೆ ಶುಚಿ ಅಂತ ಆಗಿನ ಆಸ್ಪತ್ರೆಗಳು, ಮನೆಗಳು ಇವನ್ನೇ ಇಷ್ಟಪಟ್ಟಿದ್ದವು. ಒಬ್ಬರ ಮಂಚಕ್ಕೂ ಇಬ್ಬರ ಮಂಚಕ್ಕೂ ನಡುವಿನ ಅಳತೆಯ, ಆಗಿನ ಮುಕ್ಕಾಲು ಮಂಚದ ಅಗಲ 48 ಇಂಚು. ಈಗಿನ ಮಾಮೂಲಿ ಅಳತೆಯ ಹಾಸಿಗೆಗಳು ಅದಕ್ಕೆ ಕೂರುವುದಿಲ್ಲ. ಫೋಮ್ ಕತ್ತರಿಸಿ ಹೊಲಿಸಬೇಕಾಯಿತು.

ಮಂಚದ ಹಿಂದಿನ ಗೋಡೆ ಅಂದರೆ ಮನೆಯ ಹೊರಗೋಡೆಯೇ, ಅದೇ ಸೀಡರ್ ಹಲಗೆ. ಮಾಡಿನ ಅಡಿಯಲ್ಲಿ ಇದ್ದುದರಿಂದ ಬೂದಾಗದೆ ಕಡು ಕಂದಾಗಿ ಉಳಿದಿತ್ತು. ಸಮಿತಿಯ ಒಬ್ಬರು ಅದಕ್ಕೆ ಬಿಳಿ ಬಳಿದರೆ ಬೆಳಕು ಬರುತ್ತದೆ ಅಂದರು. ನಾನು ಬೇಡವೇ ಬೇಡ ಅಂದೆ. ಒಮ್ಮೆ ಬಳಿದರೆ ಆ ಒರಟು ಮರದಿಂದ ಬಣ್ಣ ತೆಗೆಯುವುದು ಯಾರಿಂದಲೂ ಆಗದು. ಬೆಳಕು ಬೇಕಾದರೆ ಚಾವಣಿಗೆ ತಿಳಿ ಬಣ್ಣ ಹೊಡೆಯೋಣ ಅಂದೆ. ಹಾಗೇ ಮಾಡಿದೆವು, ಕಡಲ ನೀರಿನ ಬೆಳಕು ಚಾವಣಿಗೆ ಬಡಿದು ಇಡೀ ಜಗಲಿ ತುಂಬಿತು.

ಪರದೆಗೆ ಜಾಗ ಹುಡುಕುವಾಗ ಕಂಬಗಳ ಮೇಲೆ ಬಣ್ಣದ ಅಡಿ ಹಿತ್ತಾಳೆಯ ಕೊಕ್ಕೆಗಳು ಸಿಕ್ಕವು. ಮೊದಲು ಅಲ್ಲಿ ಸುತ್ತಿ ಕಟ್ಟುವ ಪರದೆ ಇದ್ದಿರಬೇಕು. ಅವಕ್ಕೇ ಹಗ್ಗ ಕಟ್ಟಿದೆ. ಬೇಕಾದ ಉಳಿದ ಕೊಂಡಿ, ರಿಂಗ್ ಎಲ್ಲಾ ದೋಣಿ ಸಾಮಾನು ಮಾರುವ ಅಂಗಡಿಯಿಂದ, 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಕಡಲ ಪಕ್ಕ ಮಾಮೂಲಿ ಪರದೆ ಸಾಮಾನು ಹಾಕಿದರೆ ಒಂದೇ ಮಳೆಗಾಲಕ್ಕೆ ತುಕ್ಕು ಇಳಿದು ಬಟ್ಟೆಗೆ ಕಲೆ. ಬಟ್ಟೆಯೂ ಅಷ್ಟೇ. ನೂಲು ಎಳೆಯುವ ಮೊದಲೇ ಬಣ್ಣ ಬೆರೆಸಿದ ಅಕ್ರಿಲಿಕ್ ಆರಿಸಿದೆ. ಅದು ಬಿಸಿಲಿಗೆ ಬೇಗ ಮಾಸುವುದಿಲ್ಲ, ಬೂಷ್ಟು ಸುಲಭಕ್ಕೆ ಹಿಡಿಯುವುದಿಲ್ಲ.

ತೂಗುವ ಬಟ್ಟೆಗೆಲ್ಲಾ ಬೆಂಕಿ ಪರೀಕ್ಷೆಯ ಪತ್ರ ಬೇಕು. ಅಮೆರಿಕದ ಬೆಂಕಿ ಸುರಕ್ಷತೆಯ ಸಂಘ ಎನ್‌ಎಫ್‌ಪಿಎ ಗೊತ್ತು ಮಾಡಿದ 701 ಅನ್ನುವುದು ಆ ಪರೀಕ್ಷೆ. ಅಗ್ನಿಶಾಮಕದವರು ಬಂದು ಒಂದೊಂದು ಪರದೆಯ ಚೀಟಿಯನ್ನೂ ಓದಿದರು. ಕೆಲವು ಡಿಸೈನರ್‌ಗಳಿಗೆ ಕಿರಿಕಿರಿ ಆಯಿತು. ನನಗೆ ಆಗಲಿಲ್ಲ. 1942ರ ನವೆಂಬರ್ 28ರ ರಾತ್ರಿ ಇದೇ ಬಾಸ್ಟನ್‌ನಲ್ಲಿ ಕೋಕೋನಟ್ ಗ್ರೋವ್ ಅನ್ನುವ ನೈಟ್‌ಕ್ಲಬ್‌ಗೆ ಬೆಂಕಿ ಬಿದ್ದು 492 ಜನ ಸತ್ತರು. ಕೃತಕ ತಾಳೆ ಮರಗಳು, ಚಾವಣಿಗೆ ಎಳೆದು ಕಟ್ಟಿದ್ದ ಬಟ್ಟೆ ಹೊತ್ತಿ ಉರಿದವು. ಅವೆಲ್ಲ ನಮ್ಮಂಥವರೇ ಯಾರೋ ಅಲಂಕಾರಕ್ಕೆ ಅಂತ ಹಾಕಿದ್ದವು. ಅಲಂಕಾರದ ಕೆಲಸ ಮಾಡುವ ಎಲ್ಲರಿಗೂ ಈ ಸಂಗತಿ ಗೊತ್ತಿರಬೇಕು.

ವಿದ್ಯುತ್ತಿನ ವಿಷಯ ಚಿಕ್ಕದು: ಹಳೆಯ ತಂತಿಯ ಮೇಲೆ ಹೊಸ ಭಾರ ಹಾಕಬೇಡಿ ಅಂತ ಎಲೆಕ್ಟ್ರಿಷಿಯನ್ ಹೇಳಿದರು, ಚಾರ್ಜ್ ಮಾಡುವ ದೀಪಗಳನ್ನು ಇಟ್ಟೆ.

ಮಂಚದ ಮೇಲೆ ಏನು ಹೊದಿಸುವುದು ಅನ್ನುವುದು ನನಗೆ ಮೊದಲಿನಿಂದಲೂ ಗೊತ್ತಿತ್ತು, ಕೌದಿ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಸಿದ್ದಿ ಹೆಂಗಸರು ಹೊಲಿಯುತ್ತಾರಲ್ಲ, ಅವು. ಹಳೆ ಸೀರೆ, ಅಂಗಿಯ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿನ ಕಡೆಗೆ ಹೊಲಿಗೆ ಹಾಕುತ್ತಾರೆ. ಮೂಲೆಗಳಿಗೆ ಮಡಚಿದ ಮುಕ್ಕೋನದ ಹೂವು ಇಡುತ್ತಾರೆ. ನ್ಯೂ ಇಂಗ್ಲೆಂಡಿನಲ್ಲೂ ತುಂಡು ಬಟ್ಟೆ ಜೋಡಿಸಿ ಹೊದಿಕೆ ಹೊಲಿಯುವುದು ಹಳೆಯ ರೂಢಿ. ಹಾಗಾಗಿ ಕೌದಿ ಆ ಜಗಲಿಗೆ ಹೊರಗಿನದು ಅನ್ನಿಸಲೇ ಇಲ್ಲ. ಊರಿನಿಂದ ತರಿಸುವಾಗ ಆಯಿ ಫೋನಿನಲ್ಲಿ, ‘ಅಷ್ಟು ದೊಡ್ಡ ಮನೆಗೆ ಹಳೆ ಬಟ್ಟೆಯ ಕೌದಿ ಯಾಕೆ ಮಗಾ, ರೇಷ್ಮೆ ಹಾಕು’ ಅಂದಳು. ರೋಗಿಗೆ ಬೆಚ್ಚಗೆ ಬೇಕಾದದ್ದು ಕೌದಿಯೇ ಆಯಿ ಅಂದೆ. ಶೋಹೌಸ್‌ನಲ್ಲಿ ಸಾಮಾನಿಗೆ ಬೆಲೆ ಚೀಟಿ ಅಂಟಿಸಿ ಮಾರಬಹುದು, ಒಂದು ಪಾಲು ಸಂಸ್ಥೆಗೆ ಕೊಡಬೇಕು. ಕೌದಿ ಹೊಲಿದವರಿಗೆ ಅವರು ಕೇಳಿದ ಪೂರ್ತಿ ಬೆಲೆಯನ್ನು ಮೊದಲೇ ಕೊಟ್ಟಿದ್ದೆ. ಮಾರಿದಾಗ ಅದರ ಮೇಲೆ ಬಂದದ್ದೆಲ್ಲ ನರ್ಸ್‌ಗಳಿಗೆ ಹೋಯಿತು. ದಾನದ ಹೆಸರಿನಲ್ಲಿ ಹೊಲಿದವರ ಕೂಲಿ ಕಡಿಮೆ ಮಾಡುವುದು ನನಗೆ ಒಪ್ಪಿಗೆ ಇಲ್ಲ.

ಬಾಗಿಲು ತೆರೆದ ಮೇಲೆ ಜನ ಸಾಲಾಗಿ ಬರುತ್ತಾರೆ, ಪಾದಕ್ಕೆ ನೀಲಿ ಚೀಲ ಹಾಕಿಕೊಂಡು. ಒಂದು ಕೋಣೆಯಲ್ಲಿ ಒಂದೆರಡು ನಿಮಿಷ ನಿಂತರೆ ಹೆಚ್ಚು. ಹೊಸ್ತಿಲಲ್ಲಿ ನಿಂತು ಕಂಡದ್ದೇ ಅವರ ಪಾಲಿಗೆ ಕೋಣೆ. ಅದಕ್ಕೇ ಕುರ್ಚಿಯನ್ನು ಹೊಸ್ತಿಲಿನ ನೇರಕ್ಕೆ ಇಟ್ಟಿದ್ದೆ, ಮೇಜಿನ ಮೇಲೆ ನೀರಿನ ಲೋಟ, ಕನ್ನಡಕ, ಕರೆಯಲು ಬಾರಿಸುವ ಒಂದು ಗಂಟೆ. ಪ್ರತಿ ಕೋಣೆಯಲ್ಲೂ ಸಂಸ್ಥೆಯ ಸ್ವಯಂಸೇವಕರು ಇರುತ್ತಾರೆ. ನನ್ನ ಜಗಲಿಯಲ್ಲಿ ನಿವೃತ್ತ ನರ್ಸ್‌ಗಳನ್ನೇ ಕೂರಿಸಿ ಅಂತ ಕೇಳಿಕೊಂಡೆ. ಬಂದವರು ಬಟ್ಟೆ ಎಲ್ಲಿಯದು ಅಂತ ಶುರುಮಾಡಿ, ನಮ್ಮ ಅಮ್ಮನಿಗೆ ಇಂಥ ನರ್ಸ್ ಬೇಕು, ಹೇಗೆ ಕೇಳಬೇಕು ಅನ್ನುವಲ್ಲಿಗೆ ಬರುತ್ತಿದ್ದರು. ಆ ಸಾಲು ನನ್ನ ಜಗಲಿಯಲ್ಲಿ ನಿಧಾನ ಆಗುತ್ತಿತ್ತು.

ಅಷ್ಟು ಖರ್ಚು ಮಾಡುವ ಬದಲು ಆ ದುಡ್ಡನ್ನೇ ಸಂಸ್ಥೆಗೆ ಕೊಡಬಹುದಲ್ಲ ಅಂತ ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಮಂಚ ಸಾಲ ಕೊಟ್ಟ ಅಂಗಡಿಯವರು ಅಷ್ಟು ಬೆಲೆಯ ಚೆಕ್ ಬರೆದು ಕೊಡುತ್ತಿರಲಿಲ್ಲ. ಬಣ್ಣದವರು, ಹೊಲಿಯುವವರು ತಮ್ಮ ಕೈಕೆಲಸ ಕೊಟ್ಟರು, ಅದು ಅವರ ಹತ್ತಿರ ಇರುವುದು. ಟಿಕೆಟ್ ಕೊಂಡವರಲ್ಲಿ ಎಷ್ಟೋ ಜನ ಆ ಸಂಸ್ಥೆಯ ಹೆಸರನ್ನೇ ಕೇಳಿರಲಿಲ್ಲ. ಲಾಭಕ್ಕೆ ಅಂತ ಬರುವ ಡಿಸೈನರ್‌ಗಳಿಗೆ ಒಂದು ಮಾತು. ಅಮೆರಿಕದ ತೆರಿಗೆ ಕಾನೂನಿನಲ್ಲಿ ನಿಮ್ಮ ಸಮಯದ, ಕೆಲಸದ ಬೆಲೆಯನ್ನು ದಾನ ಅಂತ ತೋರಿಸಲು ಆಗುವುದಿಲ್ಲ. ಕೈಯಿಂದ ಹಾಕಿದ ಖರ್ಚನ್ನು ಮಾತ್ರ ತೋರಿಸಬಹುದು, ಅದಕ್ಕೂ ರಸೀದಿ ಬೇಕು.

ನಮ್ಮವರು ಯಾರಾದರೂ ಇಂಥದ್ದಕ್ಕೆ ಕೈ ಹಾಕುವುದಾದರೆ ಒಪ್ಪುವ ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಸಾಲ ತಂದ ಸಾಮಾನಿಗೆ ವಿಮೆ ಯಾರದು? ಬಣ್ಣ, ಪರದೆ ಕೊನೆಗೆ ಮನೆಯಲ್ಲೇ ಉಳಿಯುತ್ತದೆಯೇ, ತೆಗೆಯಬೇಕೇ? ತೆಗೆಯುವ ಖರ್ಚು ಯಾರದು? ಮಾರಿದ್ದರಲ್ಲಿ ಸಂಸ್ಥೆಗೆ ಎಷ್ಟು ಪಾಲು? ಆ ಮಹಡಿಯ ಮೇಲೆ ಒಂದೇ ಸಲಕ್ಕೆ ಎಷ್ಟು ಜನ ನಿಲ್ಲಬಹುದು ಅಂತ ಇಂಜಿನಿಯರ್ ಹೇಳಿದ್ದಾರಾ? ನನ್ನ ಜಗಲಿಯ ಚಾವಣಿಯ ಬಣ್ಣ, ಹಗ್ಗದ ಪರದೆಗಳನ್ನು ಮಾಲೀಕರು ಉಳಿಸಿಕೊಂಡರು. ನೆಲಹಾಸು ಸುತ್ತಿ ತಂದೆ. ಕುರ್ಚಿಯನ್ನು ನರ್ಸ್‌ಗಳ ಕಚೇರಿಗೆ ಕೊಟ್ಟೆ, ಅವರು ಅದನ್ನು ಬೇಕಾದ ಮನೆಗಳಿಗೆ ಸಾಗಿಸುತ್ತಾರೆ.