ಮನೆಯ ಸರ್ವರ್‌ನಲ್ಲಿ ಡಿಸ್ಕ್ ಕೈಕೊಟ್ಟರೆ: ಮೊದಲು ನಂಬರ್ ಓದಿ, ಆಮೇಲೆ ಸ್ಕ್ರೂ ಬಿಚ್ಚಿ

ಮನೆಯ ಸರ್ವರ್‌ನಿಂದ ‘ಒಂದು ಡಿಸ್ಕ್ ಕೆಡುತ್ತಿದೆ’ ಅಂತ ಮೇಲ್ ಬಂದರೆ ಮೊದಲ ಹತ್ತು ನಿಮಿಷ ಏನನ್ನೂ ಮುಟ್ಟಬೇಡಿ. ರೀಸ್ಟಾರ್ಟ್ ಬೇಡ, ವೈರ್ ಅಲ್ಲಾಡಿಸಿ ನೋಡುವುದೂ ಬೇಡ. ಕೆಡುತ್ತಿರುವ ಡಿಸ್ಕ್ ಇನ್ನೂ ತಿರುಗುತ್ತಿದ್ದರೆ ಅದರಿಂದ ಇನ್ನೂ ಕೆಲಸ ತೆಗೆಯಬಹುದು. ಒಮ್ಮೆ ನಿಂತ ಮೇಲೆ ಮತ್ತೆ ತಿರುಗೀತು ಅನ್ನುವ ಭರವಸೆ ಇಲ್ಲ.

ಕಳೆದ ಜುಲೈನಲ್ಲಿ ನನಗೆ ಈ ಮೇಲ್ ಬಂದಾಗ ನಾನು ಮುಂಬೈನ ಲೋಕಲ್ ಟ್ರೇನಿನಲ್ಲಿದ್ದೆ. ಮುಂಬ್ರಾ ದಾಟಿತ್ತು, ಹೊರಗೆ ಜೋರು ಮಳೆ. ಡೊಂಬಿವಲಿಯ ನಮ್ಮ ಮನೆಯಲ್ಲಿ ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ನಾಲ್ಕು 4 ಟಿಬಿ ಡಿಸ್ಕ್ ಹಾಕಿ, ಟ್ರೂನ್ಯಾಸ್ ಅನ್ನುವ ಸರ್ವರ್ ಸಾಫ್ಟ್‌ವೇರ್ ಹಾಕಿ, ಕಪಾಟಿನ ಕೆಳಗೆ ಇಟ್ಟಿದ್ದೇನೆ. ಅದರಲ್ಲಿ ಎಲ್ಲರ ಫೋನಿನ ಫೋಟೊಗಳಿವೆ, ಮನೆ ಕಾಗದಪತ್ರಗಳ ಸ್ಕ್ಯಾನ್ ಇದೆ, ಮತ್ತೆ ಅಪ್ಪನ ಕ್ಯಾಸೆಟ್‌ಗಳಿವೆ. ಮಳೆಗಾಲ ಬಂತೆಂದರೆ ಊರಿನ ಯಕ್ಷಗಾನ ಕಲಾವಿದರು ಮುಂಬೈಗೆ ಬರುತ್ತಾರಲ್ಲ, ಆಗ ಅಪ್ಪ ಮಾಟುಂಗಾದಲ್ಲೋ ಮುಲುಂಡ್‌ನಲ್ಲೋ ತಾಳಮದ್ದಳೆ ಇದ್ದರೆ ಟೇಪ್ ರೆಕಾರ್ಡರನ್ನು ಮಡಿಲಲ್ಲಿ ಇಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಆ ಟೇಪ್‌ಗಳಿಗೆಲ್ಲ ಈಗ ಬೂಸ್ಟು ಹಿಡಿದಿದೆ. ದನಿ ಉಳಿದಿರುವುದು ಡಿಸ್ಕ್‌ನಲ್ಲಿ ಮಾತ್ರ.

ಹಾಗಾಗಿ ಇದು ನನಗೆ ಸುಮ್ನೆ ಕಂಪ್ಯೂಟರ್ ರಿಪೇರಿಯ ವಿಷಯ ಅಲ್ಲ. ನಿಮ್ಮ ಮನೆಯಲ್ಲೂ ಅಂಥದ್ದೇನೋ ಇರುತ್ತದೆ, ಅಲ್ವಾ? ಅದನ್ನು ನೆನಪಲ್ಲಿಟ್ಟುಕೊಂಡೇ ಈ ಕೆಲಸಕ್ಕೆ ಕೈ ಹಾಕಿ.

ನಿಜಕ್ಕೂ ಡಿಸ್ಕ್ ಕೆಟ್ಟಿದೆಯಾ?

ಪ್ರತಿ ಹಾರ್ಡ್ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಡುತ್ತದೆ. ಅದಕ್ಕೆ ಸ್ಮಾರ್ಟ್ ಅಂತ ಹೆಸರು. ಟ್ರೂನ್ಯಾಸ್, ಸಿನಾಲಜಿ, ಓಪನ್‌ಮೀಡಿಯಾವಾಲ್ಟ್, ಯಾವುದೇ ಇರಲಿ, ಈ ಲೆಕ್ಕ ನೋಡುವ ದಾರಿ ಇದ್ದೇ ಇದೆ. ಉದ್ದದ ಪಟ್ಟಿ ಕಂಡು ಗಾಬರಿಯಾಗಬೇಡಿ, ನಾಲ್ಕು ಸಾಲು ನೋಡಿದರೆ ಸಾಕು. 5 ಅನ್ನುವ ನಂಬರಿನ ಸಾಲು, ಡಿಸ್ಕ್ ಕೆಟ್ಟ ಜಾಗವನ್ನು ಬಿಟ್ಟು ಬೇರೆ ಕಡೆಗೆ ಸಾಗಿಸಿದ ಸೆಕ್ಟರ್‌ಗಳ (ಡೇಟಾ ಬರೆಯುವ ಪುಟ್ಟ ಪುಟ್ಟ ಭಾಗಗಳ) ಲೆಕ್ಕ. 197 ಅಂದರೆ ಓದಲು ಕಷ್ಟವಾಗಿ, ಏನು ಮಾಡಬೇಕೆಂದು ಇನ್ನೂ ತೀರ್ಮಾನವಾಗದ ಸೆಕ್ಟರ್‌ಗಳು. 198, ಸರಿಪಡಿಸಲಾಗದವು. ಈ ಮೂರರಲ್ಲಿ ಯಾವುದಾದರೂ ಸೊನ್ನೆಯಿಂದ ಮೇಲೇರಿ ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ ಹೊಸ ಡಿಸ್ಕ್ ತರುವ ಸಮಯ ಬಂತು ಎಂದೇ ಅರ್ಥ.

ನಾಲ್ಕನೆಯದು 199. ಇದು ಏರುತ್ತಿದ್ದರೆ ಹೆಚ್ಚಿನ ಸಲ ತಪ್ಪು ಡಿಸ್ಕ್‌ನದ್ದಲ್ಲ, ಅದನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಸಾಟಾ ಕೇಬಲ್‌ನದ್ದು. ಸಡಿಲವಾದ ಕೇಬಲ್ಲಿಗಾಗಿ ಒಳ್ಳೆಯ ಡಿಸ್ಕ್ ಎಸೆದವರನ್ನು ನಾನು ಕಂಡಿದ್ದೇನೆ. ಬರೀ 199 ಮಾತ್ರ ಏರಿದ್ದರೆ ಸರ್ವರ್ ಆಫ್ ಮಾಡಿ ಕೇಬಲ್ ಬದಲಿಸಿ, ಒಂದು ವಾರ ನೋಡಿ. ಈ ಅಂಕಿ ಮತ್ತೆ ಸೊನ್ನೆಗೆ ಇಳಿಯುವುದಿಲ್ಲ. ಅಲ್ಲೇ ನಿಂತರೆ ಸಾಕು.

2007ರಲ್ಲಿ ಗೂಗಲ್‌ನವರು ತಮ್ಮ ಒಂದು ಲಕ್ಷಕ್ಕೂ ಜಾಸ್ತಿ ಡಿಸ್ಕ್‌ಗಳ ಲೆಕ್ಕ ಇಟ್ಟು ಒಂದು ಅಧ್ಯಯನ ಪ್ರಕಟಿಸಿದ್ದರು. ಮೊದಲ ಸಲ ಸ್ಕ್ಯಾನ್ ದೋಷ (ಡಿಸ್ಕ್ ತನ್ನನ್ನು ತಾನೇ ಓದಿ ನೋಡುವಾಗ ಸಿಗುವ ದೋಷ) ಕಾಣಿಸಿಕೊಂಡ ಡಿಸ್ಕ್, ದೋಷವೇ ಇಲ್ಲದ ಡಿಸ್ಕ್‌ಗಿಂತ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ 39 ಪಟ್ಟು ಜಾಸ್ತಿ ಅಂತ ಅದರಲ್ಲಿದೆ. ‘ಇನ್ನೂ ನಡೀತಾ ಇದೆಯಲ್ಲ, ದೀಪಾವಳಿ ಆಫರ್‌ನಲ್ಲಿ ತಗೊಂಡರಾಯ್ತು’ ಅಂತ ಕಾಯಬೇಡಿ ಅನ್ನುವುದಕ್ಕೆ ನನಗೆ ಈ ಅಂಕಿಯೇ ಸಾಕು. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತೂ ಇದೆ: ಕೆಟ್ಟ ಡಿಸ್ಕ್‌ಗಳಲ್ಲಿ ಶೇ 56ಕ್ಕೂ ಹೆಚ್ಚಿನವು ಸ್ಮಾರ್ಟ್‌ನ ನಾಲ್ಕು ಮುಖ್ಯ ಸೂಚನೆಗಳಲ್ಲಿ ಒಂದನ್ನೂ ತೋರಿಸದೆಯೇ ಕೆಟ್ಟವು. ಸ್ಮಾರ್ಟ್ ಎಚ್ಚರಿಸಿದರೆ ನಂಬಿ, ಸುಮ್ಮನಿದ್ದರೆ ಪೂರ್ತಿ ನಂಬಬೇಡಿ.

ಡಿಸ್ಕ್ ತರುವ ಮೊದಲು ಒಂದು ಪ್ರತಿ

ನನ್ನ ನಾಲ್ಕು ಡಿಸ್ಕ್‌ಗಳು ಝಡ್‌ಎಫ್‌ಎಸ್‌ನ (ಟ್ರೂನ್ಯಾಸ್ ಡೇಟಾ ಇಡುವ ವ್ಯವಸ್ಥೆ ಇದು) ರೈಡ್‌ಝಡ್1 ಅನ್ನುವ ಜೋಡಣೆಯಲ್ಲಿವೆ. ಒಂದು ಹೋದರೂ ಉಳಿದ ಮೂರು ಸೇರಿ ಅದರಲ್ಲಿದ್ದದ್ದನ್ನು ಲೆಕ್ಕ ಹಾಕಿ ತೆಗೆಯುತ್ತವೆ. ಮೂರು ಸಂಖ್ಯೆ ಬರೆದು ನಾಲ್ಕನೇ ಮನೆಯಲ್ಲಿ ಅವುಗಳ ಮೊತ್ತ ಬರೆದಿಟ್ಟ ಹಾಗೆ, ಯಾವುದೇ ಒಂದು ಅಳಿಸಿ ಹೋದರೂ ಉಳಿದದ್ದರಿಂದ ಕಂಡುಹಿಡಿಯಬಹುದು. ಎರಡು ಅಳಿಸಿದರೆ ಮುಗಿಯಿತು. ಅದಕ್ಕೇ, ಒಂದು ಡಿಸ್ಕ್ ಕೆಟ್ಟಿದೆ ಅಂತ ಗೊತ್ತಾದ ದಿನವೇ ಮತ್ತೆ ಸಿಗದ ವಸ್ತುಗಳನ್ನು ಹೊರಗಿನ ಯುಎಸ್‌ಬಿ ಡಿಸ್ಕ್‌ಗೆ ಕಾಪಿ ಮಾಡಿ. ಸಿನಿಮಾಗಳನ್ನು ಬಿಡಿ, ಅವು ಮತ್ತೆ ಸಿಗುತ್ತವೆ. ನಾನು ಮೊದಲು ತೆಗೆದದ್ದು ಕ್ಯಾಸೆಟ್‌ಗಳ ಫೋಲ್ಡರ್, ಆಮೇಲೆ ಫೋಟೊ. ಅಷ್ಟು ಸಾಕು.

ರೈಡ್, ಅಂದರೆ ಹೀಗೆ ಹಲವು ಡಿಸ್ಕ್ ಸೇರಿಸಿ ಇಡುವ ಏರ್ಪಾಡು, ಇದೆ ಅಂದರೆ ಬ್ಯಾಕಪ್ ಇದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಲ್ಲ. ತಪ್ಪಿ ಡಿಲೀಟ್ ಮಾಡಿದರೆ ನಾಲ್ಕೂ ಡಿಸ್ಕ್‌ನಿಂದ ಒಟ್ಟಿಗೇ ಹೋಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಬಿದ್ದದ್ದು ಇಲ್ಲಿರುವ ಯಾರಿಗೂ ಮರೆತಿಲ್ಲ. ಅಂಥ ನೀರು ಮನೆಗೆ ನುಗ್ಗಿದರೆ ಪೆಟ್ಟಿಗೆಯೊಳಗೆ ನಾಲ್ಕು ಡಿಸ್ಕ್ ಇದ್ದರೂ ಒಂದೇ, ಎಂಟು ಇದ್ದರೂ ಒಂದೇ. ನನ್ನ ಇನ್ನೊಂದು ಪ್ರತಿ ಪುಣೆಯಲ್ಲಿ ಅಕ್ಕನ ಮನೆಯಲ್ಲಿದೆ.

ಯಾವ ಡಿಸ್ಕ್, ಎಲ್ಲಿಂದ

ಹೊಸದು ಹಳೆಯದರಷ್ಟೇ ದೊಡ್ಡದಿರಬೇಕು, ಇಲ್ಲವೇ ಅದಕ್ಕಿಂತ ದೊಡ್ಡದು. ಚಿಕ್ಕದು ನಡೆಯುವುದಿಲ್ಲ. 4 ಟಿಬಿ ಅಂತ ಬರೆದದ್ದು ಸರ್ವರ್‌ನಲ್ಲಿ 3.64 ಅಂತ ಕಂಡರೆ ಮೋಸ ಹೋದೆ ಅಂದುಕೊಳ್ಳಬೇಡಿ, ಅದು ಎಣಿಸುವ ರೀತಿಯ ವ್ಯತ್ಯಾಸ ಅಷ್ಟೇ.

ಇದಕ್ಕಿಂತ ಮುಖ್ಯವಾದದ್ದು, ಡಿಸ್ಕ್ ಸಿಎಂಆರ್ ಆಗಿರಬೇಕು, ಎಸ್‌ಎಂಆರ್ ಬೇಡ. ಇವು ಡಿಸ್ಕ್‌ನ ಮೇಲೆ ಡೇಟಾ ಬರೆಯುವ ಎರಡು ಬಗೆಗಳು; ಸಿಎಂಆರ್‌ನಲ್ಲಿ ಬರೆಯುವ ಸಾಲುಗಳು, ಅಂದರೆ ಟ್ರ್ಯಾಕ್‌ಗಳು, ಬೇರೆಬೇರೆಯಾಗಿರುತ್ತವೆ. ಎಸ್‌ಎಂಆರ್ ಡಿಸ್ಕ್‌ನಲ್ಲಿ ಟ್ರ್ಯಾಕ್‌ಗಳು ಒಂದರ ಮೇಲೊಂದು ಹತ್ತಿ ಕೂತಿರುತ್ತವೆ, ಮಂಗಳೂರು ಹಂಚಿನ ಮಾಡಿನ ಹಾಗೆ. ಕೆಳಗಿನ ಒಂದು ಹಂಚು ಬದಲಿಸಬೇಕಾದರೆ ಮೇಲಿನವನ್ನೂ ಎತ್ತಬೇಕಲ್ಲ, ಹಾಗೇ ಒಂದು ಕಡೆ ಬರೆಯಲು ಪಕ್ಕದ್ದನ್ನೂ ಮತ್ತೆ ಬರೆಯಬೇಕಾಗುತ್ತದೆ. ಹೊಸ ಡಿಸ್ಕ್‌ಗೆ ಡೇಟಾ ಮತ್ತೆ ಕಟ್ಟಲು ದಿನವಿಡೀ ಎಡೆಬಿಡದೆ ಬರೆಯಬೇಕಾದ ರೀಬಿಲ್ಡ್ ಕೆಲಸದಲ್ಲಿ ಅದು ಏದುಸಿರು ಬಿಡುತ್ತದೆ, ಕೆಲವೊಮ್ಮೆ ನಡುವೆಯೇ ಕೈಚೆಲ್ಲುತ್ತದೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಸಾಲಿನ 2ರಿಂದ 6 ಟಿಬಿಯ ಕೆಲವು ಡಿಸ್ಕ್‌ಗಳು ಎಸ್‌ಎಂಆರ್ ಎಂದು ಹೊರಬಿದ್ದು ದೊಡ್ಡ ಗಲಾಟೆಯಾಯಿತು. ಆಮೇಲೆ ಕಂಪನಿ ಸಿಎಂಆರ್ ಡಿಸ್ಕ್‌ಗಳಿಗೆ ರೆಡ್ ಪ್ಲಸ್ ಅಂತ ಬೇರೆ ಹೆಸರಿಟ್ಟಿತು. ಪೂರ್ತಿ ಮಾಡೆಲ್ ನಂಬರ್ ಬರೆದುಕೊಂಡು, ಕಂಪನಿಯ ಪಟ್ಟಿಯಲ್ಲಿ ನೋಡಿಯೇ ಕೊಳ್ಳಿ.

ನಾನು ಡೊಂಬಿವಲಿ ಫಾಸ್ಟ್‌ನಲ್ಲಿ ದಾದರ್‌ಗೆ ಬಂದು, ಅಲ್ಲಿಂದ ಪಶ್ಚಿಮ ಮಾರ್ಗದ ಸ್ಲೋ ಹಿಡಿದು ಗ್ರಾಂಟ್ ರೋಡ್‌ನಲ್ಲಿ ಇಳಿದು, ಕಂಪ್ಯೂಟರ್ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡ್‌ಗೆ ಹೋದೆ. ಹೋಗುವುದಾದರೆ ಮಧ್ಯಾಹ್ನ ಹೋಗಿ, ಸಂಜೆಯ ನೂಕುನುಗ್ಗಲಿಗೆ ಮುಂಚೆ ವಾಪಸ್ ಬನ್ನಿ. ಡಿಸ್ಕ್ ಇರುವ ಚೀಲವನ್ನು ಮೇಲಿನ ಹಲಗೆಗೆ ಹಾಕದೆ ಮಡಿಲಲ್ಲೇ ಇಟ್ಟುಕೊಳ್ಳಿ.

ಕೆಲವು ವರ್ಷಗಳ ಹಿಂದೆ ಒಂದು ಅಂಗಡಿಯಲ್ಲಿ ಹೊಸದು ಅಂತ ಕೊಟ್ಟ ಡಿಸ್ಕನ್ನು ಮನೆಗೆ ತಂದು ನೋಡಿದರೆ ಸ್ಮಾರ್ಟ್‌ನ 9 ಅನ್ನುವ ನಂಬರಿನ ಸಾಲಿನಲ್ಲಿ ಹನ್ನೊಂದು ಸಾವಿರ ಗಂಟೆ ಓಡಿದ ಲೆಕ್ಕ ಇತ್ತು. ಸೀಲ್ ಚೆನ್ನಾಗಿಯೇ ಇತ್ತು. ಬಿಲ್ ಇದ್ದದ್ದರಿಂದ ಬದಲಿಸಿಕೊಟ್ಟರು. 2025ರ ಆರಂಭದಲ್ಲಿ ಯುರೋಪಿನಲ್ಲಿ ಇನ್ನೂ ದೊಡ್ಡದು ಹೊರಬಿತ್ತು: ಬಳಸಿದ ಸೀಗೇಟ್ ಡಿಸ್ಕ್‌ಗಳ ಈ ಗಂಟೆ ಲೆಕ್ಕವನ್ನೇ ಅಳಿಸಿ, ಹೊಸದೆಂದು ಮಾರಿದ್ದರು. ಆ ಡಿಸ್ಕ್‌ಗಳೊಳಗೆ ಫಾರ್ಮ್ ಅನ್ನುವ ಇನ್ನೊಂದು ದಾಖಲೆ ಇರುತ್ತದೆ, ಅದರಲ್ಲಿ ನಿಜವಾದ ಗಂಟೆ ಸಿಕ್ಕಿಬಿತ್ತು. ಬಿಲ್ ಕೇಳಿ ಪಡೆಯಿರಿ, ಅದರ ಮೇಲೆ ಸೀರಿಯಲ್ ನಂಬರ್ ಬರೆಸಿ, ಕಂಪನಿಯ ಸೈಟ್‌ನಲ್ಲಿ ವಾರಂಟಿ ಇದೆಯಾ ನೋಡಿ. ಮನೆ ಸರ್ವರ್‌ಗೆ ಅಂತಲೇ ಮಾಡಿದ ಐರನ್‌ವುಲ್ಫ್, ರೆಡ್ ಪ್ಲಸ್‌ಗಳಿಗೆ 3 ವರ್ಷದ ವಾರಂಟಿ ಇರುತ್ತದೆ.

ತಂದ ಡಿಸ್ಕನ್ನು ನೇರವಾಗಿ ಹಾಕಬೇಡಿ. ಮಳೆಗಾಲದಲ್ಲಿ ಎಸಿ ಅಂಗಡಿಯಿಂದ ತಂದಿದ್ದರೆ ಕವರ್ ತೆಗೆಯದೆ ಎರಡು ಗಂಟೆ ಹಾಗೇ ಇಡಿ, ಒಳಗೆ ತೇವ ಕೂರಬಾರದು. ಆಮೇಲೆ ಬೇರೆ ಕಂಪ್ಯೂಟರ್‌ಗೆ ಜೋಡಿಸಿ ಸ್ಮಾರ್ಟ್‌ನ ಲಾಂಗ್ ಟೆಸ್ಟ್ ಓಡಿಸಿ. 4 ಟಿಬಿಗೆ ಒಂದು ರಾತ್ರಿ ಹಿಡಿಯುತ್ತದೆ. ಬ್ಯಾಡ್‌ಬ್ಲಾಕ್ಸ್ ಅನ್ನುವ ಪ್ರೋಗ್ರಾಮ್‌ನ ಬರೆದು ಓದುವ ಪರೀಕ್ಷೆ ಇನ್ನೂ ಗಟ್ಟಿ, ಆದರೆ ಎರಡು ದಿನಕ್ಕೂ ಜಾಸ್ತಿ ಬೇಕು. ಈ ಪರೀಕ್ಷೆ ಡಿಸ್ಕ್‌ನಲ್ಲಿರುವುದನ್ನೆಲ್ಲ ಅಳಿಸುತ್ತದೆ, ಹೊಸ ಡಿಸ್ಕ್‌ನ ಮೇಲೆ ಮಾತ್ರ ಓಡಿಸಿ. ಹಳೆಯದು ಈಗಲೋ ಆಗಲೋ ಅನ್ನುವಂತಿದ್ದರೆ ನಾನು ಲಾಂಗ್ ಟೆಸ್ಟ್ ಮಾತ್ರ ಮಾಡುತ್ತೇನೆ.

ಇಲ್ಲೇ ಎಲ್ಲರೂ ಎಡವುವುದು

ಪೆಟ್ಟಿಗೆ ತೆರೆದರೆ ಒಂದೇ ಥರದ ನಾಲ್ಕು ಡಿಸ್ಕ್. ಕೆಟ್ಟದ್ದು ಯಾವುದು?

ಮೂರು ವರ್ಷದ ಹಿಂದೆ, ಮೊದಲ ಸಲ ಡಿಸ್ಕ್ ಬದಲಿಸುವಾಗ, ಸರ್ವರ್ ಪರದೆಯಲ್ಲಿ ‘ಎಸ್‌ಡಿಬಿ’ ಅಂತ ತೋರಿಸಿದ್ದಕ್ಕೆ ಎರಡನೇ ಕೇಬಲ್‌ನ ಡಿಸ್ಕ್ ಬಿಚ್ಚಿಬಿಟ್ಟೆ. ಎಸ್‌ಡಿಎ, ಎಸ್‌ಡಿಬಿ ಅನ್ನುವ ಹೆಸರುಗಳು ಸರ್ವರ್ ಆನ್ ಆದಾಗ ಸಿಕ್ಕಿದ ಕ್ರಮದಲ್ಲಿ ಬರುತ್ತವೆ, ರೀಸ್ಟಾರ್ಟ್ ಆದರೆ ಬದಲಾಗಬಹುದು. ನಾನು ತೆಗೆದದ್ದು ಒಳ್ಳೆಯ ಡಿಸ್ಕ್. ಕೆಟ್ಟದ್ದನ್ನು ಮೊದಲೇ ಆಫ್‌ಲೈನ್ ಮಾಡಿದ್ದೆ. ಅಂದರೆ ನಾಲ್ಕರಲ್ಲಿ ಎರಡು ಇಲ್ಲ. ಪೂಲ್, ಅಂದರೆ ನಾಲ್ಕೂ ಡಿಸ್ಕ್ ಸೇರಿ ಆದ ಒಟ್ಟು ಸಂಗ್ರಹ, ತೆರೆಯಲೇ ಇಲ್ಲ. ಎದೆ ಝಲ್ಲೆಂದಿತು, ಹೊಸ ಡಿಸ್ಕನ್ನು ಕೈಯಲ್ಲಿ ಹಿಡಿದುಕೊಂಡು ನೆಲದ ಮೇಲೆ ಹಾಗೇ ಕೂತುಬಿಟ್ಟೆ. ಸರ್ವರ್ ಆಫ್ ಮಾಡಿ, ತೆಗೆದದ್ದನ್ನು ಅದೇ ಜಾಗಕ್ಕೆ ಹಾಕಿ ಆನ್ ಮಾಡಿದ ಮೇಲೆ ಪೂಲ್ ಮತ್ತೆ ಬಂತು. ಹೆದರಿಕೆಯಲ್ಲಿ ಹೊಸ ಡಿಸ್ಕ್ ಹಾಕಿ ಹೊಸ ಪೂಲ್ ಮಾಡಹೊರಟಿದ್ದರೆ ಅಪ್ಪನ ಕ್ಯಾಸೆಟ್‌ಗಳು ಹೋಗುತ್ತಿದ್ದವು. ಡಿಸ್ಕ್ ಕೆಟ್ಟು ಡೇಟಾ ಹೋಗುವುದಕ್ಕಿಂತ ತಪ್ಪು ಡಿಸ್ಕ್ ಎಳೆದು ಹೋಗುವುದೇ ಜಾಸ್ತಿ ಅಂತ ನನಗೆ ಅವತ್ತಿನಿಂದ ಅನ್ನಿಸಿಬಿಟ್ಟಿದೆ.

ಆದ್ದರಿಂದ ಸೀರಿಯಲ್ ನಂಬರ್ ಒಂದನ್ನೇ ನಂಬಿ. ಸರ್ವರ್ ತೋರಿಸುವ ನಂಬರನ್ನು ಚೀಟಿಯಲ್ಲಿ ದೊಡ್ಡದಾಗಿ ಬರೆಯಿರಿ. ಅದೇ ನಂಬರ್ ಡಿಸ್ಕ್‌ನ ಮೇಲಿನ ಲೇಬಲ್‌ನಲ್ಲಿರುತ್ತದೆ. ತೊಂದರೆ ಏನೆಂದರೆ ಡಿಸ್ಕ್‌ಗಳು ಒಂದರ ಮೇಲೊಂದು ಕೂತಾಗ ಲೇಬಲ್ ಕಾಣುವುದೇ ಇಲ್ಲ. ನಾನೀಗ ಬಿಳಿ ಟೇಪಿನ ತುಂಡಿನಲ್ಲಿ ಸೀರಿಯಲ್‌ನ ಕೊನೆಯ ನಾಲ್ಕು ಅಕ್ಷರ ಬರೆದು ಪ್ರತಿ ಡಿಸ್ಕ್‌ನ ಹಿಂಬದಿಗೆ, ಕೇಬಲ್ ಪಕ್ಕದಲ್ಲಿ ಅಂಟಿಸಿದ್ದೇನೆ. ಬಿಚ್ಚುವಾಗ ನನ್ನ ಮಗಳು ಚೀಟಿಯ ನಂಬರ್ ಗಟ್ಟಿಯಾಗಿ ಓದುತ್ತಾಳೆ, ನಾನು ಟಾರ್ಚ್ ಹಿಡಿದು ಲೇಬಲ್ ಓದುತ್ತೇನೆ. ಎರಡೂ ಒಂದೇ ಆದರೆ ಮಾತ್ರ ಸ್ಕ್ರೂಡ್ರೈವರ್‌ಗೆ ಕೈ.

ಬದಲಿಸುವ ಕೆಲಸ

ಮದರ್‌ಬೋರ್ಡ್‌ನಲ್ಲಿ ಒಂದು ಸಾಟಾ ಪೋರ್ಟ್ ಖಾಲಿ ಇದ್ದರೆ ಹಳೆಯದನ್ನು ತೆಗೆಯಲೇಬೇಡಿ. ಸರ್ವರ್ ಆಫ್ ಮಾಡಿ ಹೊಸದನ್ನು ಐದನೆಯದಾಗಿ ಜೋಡಿಸಿ ಆನ್ ಮಾಡಿ, ಟ್ರೂನ್ಯಾಸ್‌ನ ಪೂಲ್ ಪುಟದಲ್ಲಿ ಕೆಟ್ಟ ಡಿಸ್ಕನ್ನು ಆರಿಸಿ ‘ರಿಪ್ಲೇಸ್’ ಒತ್ತಿ ಹೊಸದನ್ನು ತೋರಿಸಿ. ಕೆಟ್ಟ ಡಿಸ್ಕ್‌ನಿಂದ ಓದಲು ಆಗುವುದನ್ನು ಅದು ಓದಿಕೊಳ್ಳುತ್ತದೆ, ಆಗದ್ದನ್ನು ಉಳಿದವುಗಳಿಂದ ಲೆಕ್ಕ ಹಾಕುತ್ತದೆ. ಕಾವಲು ಪೂರ್ತಿ ಬಿಟ್ಟುಹೋಗುವುದಿಲ್ಲ. ಪೋರ್ಟ್ ಖಾಲಿ ಇಲ್ಲದಿದ್ದರೆ, ಅಥವಾ ಕೆಟ್ಟ ಡಿಸ್ಕ್ ಇಡೀ ಸರ್ವರನ್ನೇ ತಡವರಿಸುವಂತೆ ಮಾಡುತ್ತಿದ್ದರೆ, ಮೊದಲು ‘ಆಫ್‌ಲೈನ್’ ಮಾಡಿ, ಶಟ್‌ಡೌನ್ ಮಾಡಿ, ಬದಲಿಸಿ, ಆಮೇಲೆ ‘ರಿಪ್ಲೇಸ್’. ಸಿನಾಲಜಿಯಲ್ಲಿ ಇದೇ ಕೆಲಸಕ್ಕೆ ‘ರಿಪೇರ್’ ಅನ್ನುತ್ತಾರೆ.

ಪ್ಲಗ್ ತೆಗೆದು ಅರ್ಧ ನಿಮಿಷ ಕಾಯಿರಿ, ಒಳಗಿನ ತಟ್ಟೆಗಳು ತಿರುಗುವುದು ಪೂರ್ತಿ ನಿಲ್ಲಲಿ. ಪೆಟ್ಟಿಗೆಯ ಲೋಹವನ್ನು ಒಮ್ಮೆ ಮುಟ್ಟಿ ಕೈಯ ಸ್ಟ್ಯಾಟಿಕ್ ಕಳೆದುಕೊಳ್ಳಿ. ಡಿಸ್ಕನ್ನು ಅಂಚಿನಲ್ಲಿ ಹಿಡಿಯಿರಿ, ಕೆಳಗಿನ ಹಸಿರು ಬೋರ್ಡ್ ಮುಟ್ಟಬೇಡಿ. ಕರೆಂಟ್ ಕನೆಕ್ಟರ್ ಸಾಲದಿದ್ದರೆ ಹಳೆಯ ನಾಲ್ಕು ಪಿನ್ನಿನ ಮೋಲೆಕ್ಸ್‌ನಿಂದ ಸಾಟಾ ಮಾಡುವ ಅಗ್ಗದ ಅಚ್ಚು ಹಾಕಿದ ಅಡಾಪ್ಟರ್ ತರಬೇಡಿ, ಒಳಗೆ ತಂತಿ ತಾಗಿ ಸುಟ್ಟುಹೋದ ಉದಾಹರಣೆಗಳಿವೆ.

ರಿಪ್ಲೇಸ್ ಒತ್ತಿದ ಮೇಲೆ ರೀಸಿಲ್ವರ್ ಶುರುವಾಗುತ್ತದೆ, ರೀಬಿಲ್ಡ್‌ಗೆ ಝಡ್‌ಎಫ್‌ಎಸ್‌ನಲ್ಲಿ ಅದೇ ಹೆಸರು. ಝಡ್‌ಎಫ್‌ಎಸ್ ಡೇಟಾ ಇರುವ ಭಾಗವನ್ನಷ್ಟೇ ಕಟ್ಟುತ್ತದೆ, ಸಾಮಾನ್ಯ ರೈಡ್ ಆದರೆ ಇಡೀ ಡಿಸ್ಕ್. ಸೆಕೆಂಡಿಗೆ 150 ಎಂಬಿ ವೇಗದಲ್ಲಿ ಬರೆದರೂ 4 ಟಿಬಿ ತುಂಬಲು ಏಳೂವರೆ ಗಂಟೆ ಬೇಕು. ನನಗೆ ಒಂಬತ್ತು ಗಂಟೆ ಹಿಡಿಯಿತು. ಈ ಹೊತ್ತಿನಲ್ಲಿ ಎಲ್ಲ ಡಿಸ್ಕ್‌ಗಳೂ ಬಿಡುವಿಲ್ಲದೆ ದುಡಿಯುತ್ತವೆ, ಬಿಸಿಯಾಗುತ್ತವೆ. ನಾನು ಪಕ್ಕದ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಇಟ್ಟಿದ್ದೆ, 43 ಡಿಗ್ರಿ ದಾಟಲಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು, ಹಾಗಾಗಿ ಯುಪಿಎಸ್ ಇಲ್ಲದೆ ಈ ಕೆಲಸ ಶುರು ಮಾಡಬೇಡಿ. ನಡುವೆ ಸಿನಿಮಾ ನೋಡುವುದು, ದೊಡ್ಡ ಫೈಲ್ ಹಾಕುವುದೂ ಬೇಡ, ಮನೆಯವರಿಗೆ ಮೊದಲೇ ಹೇಳಿಬಿಡಿ.

ಮುಗಿದ ಮೇಲೆ

ಪೂಲ್ ‘ಆನ್‌ಲೈನ್’ ಅಂತ ಹಸಿರು ತೋರಿಸಿದ ಕೂಡಲೇ ಮುಗಿಯಿತು ಅನ್ನಬೇಡಿ. ಒಂದು ಸ್ಕ್ರಬ್ ಓಡಿಸಿ. ಅದು ಬರೆದದ್ದನ್ನೆಲ್ಲ ಮತ್ತೆ ಓದಿ ಸರಿ ಇದೆಯಾ ನೋಡುತ್ತದೆ. ದೋಷ ಸೊನ್ನೆ ಬಂದರೆ ನಾಲ್ಕಾರು ಫೈಲ್ ತೆರೆದು ನೋಡಿ. ನಾನು ಒಂದು ತಾಳಮದ್ದಳೆ ಹಚ್ಚಿದೆ. ಚೆಂಡೆ ಪೆಟ್ಟಿನ ನಡುವೆ ಅಪ್ಪ ಕೆಮ್ಮಿದ್ದು ಕೇಳಿಸಿತು.

ಹಳೆಯ ಡಿಸ್ಕ್‌ಗೆ ವಾರಂಟಿ ಇದ್ದರೆ ಓದಲು ಬರುವಷ್ಟನ್ನು ಅಳಿಸಿ ಕಂಪನಿಗೆ ಕಳಿಸಿ, ಬದಲಿ ಸಿಗುತ್ತದೆ. ವಾರಂಟಿ ಮುಗಿದಿದ್ದರೆ ಭಂಗಾರ್‌ನವನಿಗೆ, ಅಂದರೆ ಗುಜರಿಯವನಿಗೆ, ಕೊಡಬೇಡಿ, ಅದರಲ್ಲಿ ನಿಮ್ಮ ಆಧಾರ್, ಪಾಸ್‌ಬುಕ್ ಸ್ಕ್ಯಾನ್ ಎಲ್ಲ ಇರಬಹುದು. ಡ್ರಿಲ್‌ನಿಂದ ತಟ್ಟೆಗಳಿಗೆ ತಾಗುವಂತೆ ಎರಡು ತೂತು ಹೊಡೆದು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ತಟ್ಟೆ ಗಾಜಿನದ್ದಾಗಿದ್ದರೆ ಚೂರು ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಇರಲಿ. ಹೊಸ ಡಿಸ್ಕ್‌ನ ಹಿಂಬದಿಗೆ ಸೀರಿಯಲ್‌ನ ಕೊನೆಯ ನಾಲ್ಕು ಅಕ್ಷರದ ಜೊತೆ ವಾರಂಟಿ ಮುಗಿಯುವ ತಿಂಗಳನ್ನೂ ಬರೆದು ಅಂಟಿಸಿ, ಆಮೇಲೆ ಮುಚ್ಚಳ ಹಾಕಿ.