ಹಲ್ಲು ಎಲ್ಲಿ ತೋರಿಸೋಣ?

ಮುಂಬಯಿ ಪಕ್ಕದ ಡೊಂಬಿವಿಲಿಯಲ್ಲಿ ನಮ್ಮ ಬಿಲ್ಡಿಂಗಿನಿಂದ ಸ್ಟೇಷನ್ನಿಗೆ ಹತ್ತು ನಿಮಿಷದ ದಾರಿ. ಅಷ್ಟರಲ್ಲಿ ಏಳು ಹಲ್ಲಿನ ಕ್ಲಿನಿಕ್ಕುಗಳಿವೆ. ಆದರೂ ನಮ್ಮ ಅತ್ತೆ ಹನ್ನೊಂದು ತಿಂಗಳು ಒಂದೇ ದವಡೆಯಲ್ಲಿ ಅಗಿದು ಊಟ ಮಾಡಿದರು. "ಮೇ ತಿಂಗಳಲ್ಲಿ ಹೇಗೂ ಊರಿಗೆ ಹೋಗ್ತೇವಲ್ಲ, ಅಲ್ಲೇ ತೋರಿಸಿದ್ರಾಯ್ತು" ಅಂತ. ಊರಿಗೆ ಹೋದ ಮೇಲೆ ಎರಡು ಮದುವೆ, ಒಂದು ಕೋಲ, ಒಂದು ಗೃಹಪ್ರವೇಶ. ರಜೆ ಮುಗಿಯಲು ನಾಲ್ಕು ದಿನ ಇದೆ ಅನ್ನುವಾಗ ರೂಟ್ ಕೆನಾಲ್ (ಹಲ್ಲಿನ ಬೇರಿನೊಳಗಿನ ಕೆಟ್ಟ ನರ ತೆಗೆದು ತುಂಬಿಸುವ ಕೆಲಸ) ಶುರುವಾಯಿತು. ಅರ್ಧ ಕೆಲಸ ಆಗಿತ್ತು, ಮೇಲೊಂದು ತಾತ್ಕಾಲಿಕ ಸಿಮೆಂಟ್. ವಾಪಸ್ ಬರುವ ಮತ್ಸ್ಯಗಂಧ ರೈಲು ರತ್ನಾಗಿರಿ ದಾಟುವ ಹೊತ್ತಿಗೆ ಆ ಸಿಮೆಂಟ್ ಚಕ್ಕುಲಿಯ ಜೊತೆ ಹೊಟ್ಟೆಗೆ ಹೋಗಿತ್ತು. ನೋವಿಲ್ಲವಲ್ಲ ಎಂದು ಮತ್ತೆ ಐದು ತಿಂಗಳು ಬಿಟ್ಟರು. ಕೊನೆಗೆ ಹಲ್ಲು ಕೀಳಿಸಬೇಕಾಯಿತು.

ಮುಂಬಯಿ ಕನ್ನಡಿಗರ ಮನೆಗಳಲ್ಲಿ ಈ ಕಥೆ ಎಷ್ಟು ಸಲ ಕೇಳಿದ್ದೇನೋ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1. ಕಾಯಬಹುದೋ, ಓಡಬೇಕೋ?

ಮುಖ ಬಾತು ಜ್ವರ ಬಂದಿದೆ, ಬಾಯಿ ತೆರೆಯಲು ಆಗುತ್ತಿಲ್ಲ, ಉಗುಳು ನುಂಗಲು ಕಷ್ಟ. ಇದರಲ್ಲಿ ಒಂದಿದ್ದರೂ ಕ್ಲಿನಿಕ್ ಹುಡುಕುತ್ತ ಕೂರಬೇಡಿ, ದೊಡ್ಡ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಹೋಗಿ. ಮಗು ಆಟವಾಡುತ್ತ ಬಿದ್ದು ಶಾಶ್ವತ ಹಲ್ಲು ಬುಡಸಮೇತ ಕಿತ್ತು ಬಂದರೆ ಅದರ ಬೇರನ್ನು ಮುಟ್ಟಬೇಡಿ, ತಿಕ್ಕಬೇಡಿ. ಹಾಲಿನಲ್ಲಿ ಹಾಕಿಕೊಂಡು ಆದಷ್ಟೂ ಅರ್ಧ ಗಂಟೆಯೊಳಗೆ ಡಾಕ್ಟರ ಬಳಿ ತಲುಪಿ. ಆಗ ಯಾವ ಕ್ಲಿನಿಕ್ ಒಳ್ಳೆಯದು ಎಂಬ ಪ್ರಶ್ನೆಯೇ ಇಲ್ಲ. ಹತ್ತಿರದ್ದೇ ಒಳ್ಳೆಯದು.

ಬೇರೆ ನೋವಿಗೆ ಸಾಮಾನ್ಯವಾಗಿ ಒಂದೆರಡು ದಿನ ವಿಚಾರಿಸುವಷ್ಟು ಸಮಯ ಇರುತ್ತದೆ. ಆ ಎರಡು ದಿನದಲ್ಲಿ ಮಾಡಬಾರದ್ದು ಎರಡು. ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಪಕ್ಕ ಇಟ್ಟುಕೊಳ್ಳುವುದು. ಅದು ವಸಡನ್ನು ಸುಡುತ್ತದೆ. ಇನ್ನೊಂದು, ಪಕ್ಕದ ಮನೆಯ ಆಜಿ ಕೊಡುವ ಮಶೇರಿ. ಸುಟ್ಟ ತಂಬಾಕಿನ ಪುಡಿ ಅದು, ಔಷಧ ಅಲ್ಲ. ಹಲ್ಲುನೋವಿಗೆ ಅಂತ ಶುರುಮಾಡಿ ಚಟ ಅಂಟಿಸಿಕೊಂಡವರು ನಮ್ಮ ಮಹಡಿಯಲ್ಲೇ ಇದ್ದಾರೆ.

ನೋವು ತಾನಾಗಿಯೇ ನಿಂತರೆ ಖುಷಿಪಡಬೇಡಿ. ಎಷ್ಟೋ ಸಲ ಒಳಗಿನ ನರ ಸತ್ತಿರುತ್ತದೆ, ಅಷ್ಟೇ. ಸೋಂಕು ಕೆಳಗೆ ಇಳಿಯುತ್ತಲೇ ಇರುತ್ತದೆ.

2. ನಿಮ್ಮ ಕೈಯಲ್ಲಿ ಈಗಾಗಲೇ ಏನಿದೆ ನೋಡಿ

ತಿಂಗಳಿಗೆ 21,000 ರೂಪಾಯಿ ತನಕ ಸಂಬಳ ಇದ್ದು ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಕಡಿತ ಆಗುತ್ತಿದ್ದರೆ ಆ ಕಾರ್ಡು ಹಲ್ಲಿಗೂ ನಡೆಯುತ್ತದೆ. ಹೋಟೆಲಿನಲ್ಲಿ ದುಡಿಯುವ ನಮ್ಮವರು ಎಷ್ಟೋ ಮಂದಿ ಇದನ್ನು ಮರೆತೇಬಿಡುತ್ತಾರೆ. ರೈಲ್ವೆಯವರಿಗೆ ರೈಲ್ವೆ ಆಸ್ಪತ್ರೆ ಇದೆ. ಖಾಸಗಿ ಆರೋಗ್ಯ ವಿಮೆಯನ್ನು ನಂಬಿ ಕೂರಬೇಡಿ. ಅಪಘಾತ ಬಿಟ್ಟರೆ ಹಲ್ಲಿನ ಖರ್ಚನ್ನು ಹೆಚ್ಚಿನ ಪಾಲಿಸಿಗಳು ಕೊಡುವುದಿಲ್ಲ.

3. ಕುರ್ಚಿಯಲ್ಲಿ ಕೂತಾಗ

ಎಲ್ಲರೂ ಎಡವುವುದು ಇಲ್ಲೇ. ಬಾಯಿ ತೆರೆದು ಮಲಗಿದ್ದೀರಿ, ಕಣ್ಣಿಗೆ ಲೈಟು ಬೀಳುತ್ತಿದೆ. "ನಾಲ್ಕು ಫಿಲ್ಲಿಂಗ್, ಒಂದು ರೂಟ್ ಕೆನಾಲ್, ಇವತ್ತೇ ಶುರುಮಾಡೋಣವಾ?" ಅನ್ನುತ್ತಾರೆ. ಆ ಸ್ಥಿತಿಯಲ್ಲಿ ಯಾರು ಬೇಕಾದರೂ ಹೂಂ ಅನ್ನುತ್ತಾರೆ. ನೀವು ಅನ್ನಬೇಡಿ. ತಡೆಯಲಾರದ ನೋವಿದ್ದರೆ ಆ ದಿನ ನೋವು ಕಡಿಮೆ ಮಾಡುವಷ್ಟು ಕೆಲಸ ಮಾಡಿಸಿ, ಉಳಿದದ್ದನ್ನು ಬರೆಸಿಕೊಂಡು ಮನೆಗೆ ಬನ್ನಿ. ಮೊದಲ ಭೇಟಿ ಅಂದರೆ ತಪಾಸಣೆ, ಎಕ್ಸ್‌ರೇ, ಒಂದು ಚೀಟಿ. ಇಷ್ಟೇ.

ಆ ಚೀಟಿಯಲ್ಲಿ ಹಲ್ಲಿನ ನಂಬರ್ ಇರಲೇಬೇಕು. "ಹಿಂದಿನ ಹಲ್ಲು" ಅಂತ ಬರೆದುಕೊಟ್ಟರೆ ವಾಪಸ್ ಕೊಡಿ. ನಂಬರ್ ಓದುವುದು ಸುಲಭ. ಎರಡು ಅಂಕೆ ಇರುತ್ತವೆ. ಮೊದಲ ಅಂಕೆ ಬಾಯಿಯ ಯಾವ ಕಾಲುಭಾಗ ಎಂದು ಹೇಳುತ್ತದೆ: 1 ಅಂದರೆ ನಿಮ್ಮ ಬಲ ಮೇಲೆ, 2 ಎಡ ಮೇಲೆ, 3 ಎಡ ಕೆಳಗೆ, 4 ಬಲ ಕೆಳಗೆ. ಎರಡನೆಯ ಅಂಕೆ ಮುಂದಿನ ನಡುಮಧ್ಯದಿಂದ ಎಣಿಸಿದಾಗ ಎಷ್ಟನೆಯ ಹಲ್ಲು ಎಂಬುದು. ಬುದ್ಧಿಹಲ್ಲು 8. ಹಾಗಾಗಿ 46 ಅಂದರೆ ಬಲ ಕೆಳಗಿನ ಆರನೇ ಹಲ್ಲು. ಮಕ್ಕಳ ಹಾಲುಹಲ್ಲಿಗೆ ಮೊದಲ ಅಂಕೆ 5ರಿಂದ 8ರ ತನಕ.

ನಂಬರ್ ಗೊತ್ತಿದ್ದರೆ ಕನ್ನಡಿ ಮುಂದೆ ನಿಂತು ನೀವೇ ನೋಡಬಹುದು. ಇನ್ನೊಂದು ಕಡೆ ಕೇಳುವಾಗಲೂ ಅದೇ ನಂಬರಿಗೆ ಅದೇ ಕೆಲಸದ ರೇಟು ಕೇಳಬಹುದು. ಇಲ್ಲದಿದ್ದರೆ ಮಾವಿನಹಣ್ಣಿಗೂ ಹಲಸಿಗೂ ತೂಕ ಹಾಕಿದ ಹಾಗಾಗುತ್ತದೆ. ನಮ್ಮ ಸೊಸೈಟಿ ಹಾಲ್‌ನಲ್ಲಿ ಒಮ್ಮೆ ಉಚಿತ ತಪಾಸಣೆ ಶಿಬಿರ ಇತ್ತು. ನನಗೆ ಆರು ಫಿಲ್ಲಿಂಗ್ ಹೇಳಿದರು, ನಂಬರ್ ಸಮೇತ. ಅದೇ ಚೀಟಿ ಹಿಡಿದು ಬೇರೆ ಕಡೆ ಹೋದೆ. ಎರಡಕ್ಕೆ ಮಾಡಿಸಿ, ಉಳಿದ ನಾಲ್ಕು ಬರೀ ಕಲೆ, ಆರು ತಿಂಗಳು ಬಿಟ್ಟು ನೋಡೋಣ ಅಂದರು. ಮೂರು ವರ್ಷವಾಯಿತು, ಆ ನಾಲ್ಕೂ ಹಾಗೇ ಇವೆ.

46, 36 ಈ ಎರಡು ನಂಬರ್ ಚೀಟಿಯಲ್ಲಿ ಪದೇ ಪದೇ ಕಾಣುತ್ತವೆ. ಕಾರಣ ಇದೆ. ಇವು ಸುಮಾರು ಆರನೇ ವರ್ಷಕ್ಕೆ ಬರುವ ಹಲ್ಲು. ಮುಂದಿನ ಹಾಲುಹಲ್ಲು ಇನ್ನೂ ಇರುವುದರಿಂದ ಇದೂ ಹಾಲುಹಲ್ಲೇ ಎಂದುಕೊಂಡು ತಾಯಂದಿರು ಹುಳುಕು ಬಿಟ್ಟುಬಿಡುತ್ತಾರೆ. ಬಿದ್ದು ಮತ್ತೆ ಬರುವ ಹಲ್ಲಲ್ಲ ಅದು.

ಇನ್ನು ರೂಟ್ ಕೆನಾಲ್ ಅಂದಿದ್ದರೆ ನಾಲ್ಕು ಮಾತು ಕೇಳಿ. ಹೇಳಿದ ದುಡ್ಡಿನಲ್ಲಿ ಕ್ಯಾಪ್ (ಕೊನೆಗೆ ಹಲ್ಲಿನ ಮೇಲೆ ಕೂರಿಸುವ ಟೋಪಿ) ಸೇರಿದೆಯೋ ಇಲ್ಲವೋ? ಎಷ್ಟು ಸಲ ಬರಬೇಕು? ಮಾಡುವವರು ಯಾರು? ಮಾಡಿಸದಿದ್ದರೆ ಏನಾಗುತ್ತದೆ? ಮೊದಲನೆಯದೇ ದೊಡ್ಡ ಗುಂಡಿ. ಹೊರಗಿನ ಬೋರ್ಡಿನಲ್ಲಿರುವ ಕಡಿಮೆ ರೇಟಿನಲ್ಲಿ ಕ್ಯಾಪ್ ಇರದೇ ಇರಬಹುದು, ಆ ರೇಟೂ ಮುಂದಿನ ಹಲ್ಲಿಗಿರಬಹುದು. ಅದಕ್ಕೆ ಹೆಚ್ಚಾಗಿ ಒಂದೇ ಬೇರಿನ ನಾಳ. ಕೆಳದವಡೆಯ ಆರನೇ ಹಲ್ಲಿಗೆ ಸಾಮಾನ್ಯವಾಗಿ ಮೂರು, ಕೆಲವೊಮ್ಮೆ ನಾಲ್ಕು. ಕೆಲಸವೂ ಜಾಸ್ತಿ, ದುಡ್ಡೂ ಜಾಸ್ತಿ. ಮೂರನೆಯ ಪ್ರಶ್ನೆಗೆ ಡಾಕ್ಟರು ಬೇಸರ ಮಾಡಿಕೊಳ್ಳುವುದಿಲ್ಲ. ಹಲ್ಲಿನ ಡಾಕ್ಟರಾಗಲು ಬಿಡಿಎಸ್ 5 ವರ್ಷದ ಓದು, ಅದರ ಮೇಲೆ ಹೆಚ್ಚಿನ ಪರಿಣತಿಗೆ ಎಂಡಿಎಸ್ 3 ವರ್ಷ. ಕಷ್ಟದ ಹಲ್ಲಿಗೆ ಎಂಡಿಎಸ್ ಮಾಡಿದವರು ವಾರಕ್ಕೊಂದೆರಡು ದಿನ ಕ್ಲಿನಿಕ್ಕಿಗೆ ಬಂದು ಹೋಗುತ್ತಾರೆ. ಅವರು ಬರುವ ದಿನವೇ ಹೋಗಿ. ಡಾಕ್ಟರ ರಿಜಿಸ್ಟ್ರೇಷನ್ ನಂಬರ್ ಗೋಡೆಯ ಮೇಲೆ ಇದೆಯಾ ನೋಡಿ. ಕಾನೂನಿನ ಪ್ರಕಾರ ನೋಂದಣಿ ಆದ ದಂತವೈದ್ಯರಷ್ಟೇ ಈ ಕೆಲಸ ಮಾಡಬೇಕು.

ಕ್ಯಾಪ್ ವಿಷಯದಲ್ಲಿ ನನ್ನದು ಹಟ. ನಕ್ಕಾಗ ಕಾಣದ ಹಲ್ಲಿಗೆ ಲೋಹದ ಕ್ಯಾಪ್ ಸಾಕು. ಕಡಿಮೆ ಬೆಲೆ, ಹಲ್ಲನ್ನು ತೇಯುವುದೂ ಕಡಿಮೆ. ಬೆಳ್ಳಿಬಣ್ಣ ಯಾರಿಗೆ ಕಾಣಬೇಕು, ಡಾಕ್ಟರಿಗಾ?

4. ಕಾಲೇಜೋ, ಕ್ಲಿನಿಕ್ಕೋ?

ಚೀಟಿ ಕೈಯಲ್ಲಿದ್ದರೆ ಈಗ ಇದು ಸುಲಭ. ಒಂದೇ ಸಲಕ್ಕೆ ಮುಗಿಯುವ ಫಿಲ್ಲಿಂಗ್, ಕ್ಲೀನಿಂಗ್‌ಗೆ ಮನೆ ಹತ್ತಿರದ ಕ್ಲಿನಿಕ್. (ಕ್ಲೀನಿಂಗ್ ಮಾಡಿಸಿದರೆ ಹಲ್ಲು ಅಲುಗಾಡುತ್ತದೆ ಅನ್ನುವುದು ಸುಳ್ಳು. ವಸಡು ಮೊದಲೇ ಸಡಿಲ ಆಗಿರುತ್ತದೆ, ಗಟ್ಟಿ ಪಾಚಿ ಅದನ್ನು ಮುಚ್ಚಿಟ್ಟಿರುತ್ತದೆ.) ದುಡ್ಡು ಜಾಸ್ತಿ ಬೀಳುವ ಕೆಲಸಕ್ಕೆ ಡೆಂಟಲ್ ಕಾಲೇಜು. ಸಿಎಸ್‌ಎಂಟಿ ಸ್ಟೇಷನ್ ಪಕ್ಕ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಸರ್ಕಾರಿ ಕಾಲೇಜಿದೆ, ಮುಂಬಯಿ ಸೆಂಟ್ರಲ್‌ನಲ್ಲಿ ಪಾಲಿಕೆಯ ನಾಯರ್ ಡೆಂಟಲ್ ಕಾಲೇಜಿದೆ. ನಮ್ಮ ಕಡೆಯವರು ಠಾಣೆಯಲ್ಲಿ ಇಳಿದು ಟ್ರಾನ್ಸ್ ಹಾರ್ಬರ್ ಲೋಕಲ್ ರೈಲು ಹಿಡಿದರೆ ನೆರೂಳ್‌ನ ಖಾಸಗಿ ಕಾಲೇಜುಗಳಿಗೂ ಹೋಗಬಹುದು. ಪುಣೆಯವರಿಗೆ ಕಾತ್ರಜ್ ಕಡೆಯ ಭಾರತಿ ವಿದ್ಯಾಪೀಠ, ಗೋವಾದವರಿಗೆ ಬಾಂಬೋಳಿಯ ಕಾಲೇಜು.

ಅಲ್ಲಿ ಕೆಲಸ ಮಾಡುವವರು ಹೆಚ್ಚಾಗಿ ವಿದ್ಯಾರ್ಥಿಗಳು. ಅದಕ್ಕೆ ಹೆದರಬೇಡಿ, ಹಂತ ಹಂತಕ್ಕೆ ಮೇಷ್ಟ್ರು ಬಂದು ನೋಡುತ್ತಾರೆ. ಹೆದರಬೇಕಾದ್ದು ಸಮಯಕ್ಕೆ. ಬೆಳಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಬೇಕು, ಒಂದು ಹಲ್ಲಿಗೆ ನಾಲ್ಕೈದು ಸಲ ಓಡಾಡಬೇಕು. ಪ್ರತಿ ಸಲವೂ ಅರ್ಧ ದಿನದ ಸಂಬಳ ಹೋಗುವುದಾದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ದಿನಗೂಲಿಯವರಿಗೆ ಕೆಲವೊಮ್ಮೆ ಕ್ಲಿನಿಕ್ಕೇ ಅಗ್ಗ ಬೀಳುತ್ತದೆ.

ಊರಿಗೆ ಹೋದಾಗ ತೋರಿಸಲೇಬೇಕು ಅಂತಿದ್ದರೆ ಹೋದ ಎರಡನೇ ದಿನವೇ ಶುರುಮಾಡಿ. ವಾಪಸ್ ಟಿಕೆಟ್‌ನ ತಾರೀಖು ಡಾಕ್ಟರಿಗೆ ಮೊದಲೇ ಹೇಳಿ.

5. ಯಾರ ಹಲ್ಲು ಮೊದಲು?

ಮನೆಯಲ್ಲಿ ಮಗಳಿಗೆ ತಂತಿ ಹಾಕಿಸಬೇಕು, ಅಮ್ಮನಿಗೆ ರೂಟ್ ಕೆನಾಲ್ ಆಗಬೇಕು, ದುಡ್ಡು ಒಂದಕ್ಕೇ ಸಾಕು. "ನಂದು ಇರ್ಲಿ ಬಿಡು" ಅಂತ ಅಮ್ಮ ಅನ್ನುವುದು ಖಂಡಿತ. ಆ ಮಾತು ಕೇಳಬೇಡಿ. ತಂತಿ ಆರು ತಿಂಗಳು ತಡವಾದರೆ ಹೆಚ್ಚಿನ ಮಕ್ಕಳಿಗೆ ನಷ್ಟವೇನಿಲ್ಲ, ಅದನ್ನೂ ಡಾಕ್ಟರನ್ನು ಒಮ್ಮೆ ಕೇಳಿಕೊಳ್ಳಿ. ಕೀವು ತುಂಬಿದ ಹಲ್ಲು ಅಷ್ಟು ಕಾಯುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರದ್ದು ಇನ್ನೂ ಮೊದಲು. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಹಲ್ಲಿನ ಡಾಕ್ಟರಿಗೆ ಹೇಳಬೇಕು. ನೀವಾಗಿಯೇ ನಿಲ್ಲಿಸಬೇಡಿ.

ಕೆಲಸ ಮುಗಿದ ದಿನ ಎಕ್ಸ್‌ರೇ, ಬಿಲ್ಲು, ಕ್ಯಾಪಿನ ಗ್ಯಾರಂಟಿ ಕಾರ್ಡ್ ಕೇಳಿ ತನ್ನಿ. ಮುಂದಿನ ಸಲ ಬೇರೆ ಡಾಕ್ಟರ ಬಳಿ ಹೋಗಬೇಕಾದರೂ ಎಲ್ಲವನ್ನೂ ಮೊದಲಿನಿಂದ ಹೇಳುವ ಕಷ್ಟ ಇರುವುದಿಲ್ಲ. ನಮ್ಮ ಮನೆಯಲ್ಲಿ ಅವು ಗ್ಯಾಸ್ ಬುಕ್ಕಿನ ಪ್ಲಾಸ್ಟಿಕ್ ಕವರಿನಲ್ಲಿವೆ, ಅತ್ತೆಯದ್ದು ಎಲ್ಲಕ್ಕಿಂತ ಮೇಲೆ.