ರೂಮ್ ಬಾಡಿಗೆ ಇಲ್ಲದ ನೈಟ್‌ಲೈಫ್: ನನ್ನ ಅನುಭವ

ಬರ್ಲಿನ್ ಕ್ಲಬ್ಬಿಗೆ ಹೋಗಬೇಕಾದದ್ದು ರಾತ್ರಿ ಒಂದಕ್ಕಲ್ಲ, ಬೆಳಿಗ್ಗೆ ಎಂಟಕ್ಕೆ. ಇದನ್ನು ಮೊದಲ ಸಲ ಹೇಳಿದಾಗ ನಮ್ಮ ಫ್ಲಾಟಿನಲ್ಲಿದ್ದ ರಾಣೆಬೆನ್ನೂರಿನ ಹುಡುಗ ಹೊಟ್ಟೆ ಹಿಡಿದುಕೊಂಡು ನಕ್ಕ. "ಮುಂಜಾನೆ ಹೋಗೋದು ಗುಡಿಗಲೇ, ಪಬ್ಬಿಗಲ್ಲ" ಅಂದ. ಗದಗಿನವರೊಬ್ಬರು ಸೀನಿಯರ್ ಇದ್ದರು. "ತಮ್ಮಾ, ರೊಕ್ಕ ಇಲ್ಲಂದ್ರ ಸುಮ್ನ ಮನ್ಯಾಗ ಕುಂದ್ರು" ಅಂತ ಬುದ್ಧಿ ಹೇಳಿದರು. ಕೊನೆಗೆ ಇಬ್ಬರೂ ನನ್ನ ಟೈಮ್‌ಟೇಬಲ್ ಹಿಡಿದುಕೊಂಡೇ ತಿರುಗಿದರು ಅನ್ನೋದು ಬೇರೆ ಮಾತು.

ಈಗ ಹುಬ್ಬಳ್ಳಿಗೆ ವಾಪಸ್ ಬಂದಿದ್ದೇನೆ. ಜರ್ಮನಿಗೆ ಹೊರಟ ನಮ್ಮ ಕಡೆಯ ಹುಡುಗ ಹುಡುಗಿಯರು ಓದಿನ ಬಗ್ಗೆ ಒಂದು ಪ್ರಶ್ನೆ ಕೇಳಿದರೆ, ತಿರುಗಾಟದ ಬಗ್ಗೆ ಹತ್ತು ಕೇಳುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಎಪಿಎಸ್ (ಸರ್ಟಿಫಿಕೇಟುಗಳ ತಪಾಸಣೆ), ವೀಸಾ, ಬ್ಲಾಕ್ಡ್ ಅಕೌಂಟು (ಮೊದಲೇ ದುಡ್ಡು ಕಟ್ಟಿ ತಿಂಗಳು ತಿಂಗಳು ತೆಗೆಯುವ ಖಾತೆ) ಇವೆಲ್ಲ ನಿಮಗೆ ಗೊತ್ತಿರುವುದೇ, ಬಿಡಿ.

ನಾನು ಓದಲು ಹೋಗಿ ಇದ್ದದ್ದು ಜರ್ಮನಿಯ ಮಾಗ್ಡೆಬುರ್ಗ್‌ನಲ್ಲಿ. ಊರು ಚೆನ್ನಾಗಿದೆ, ಬಾಡಿಗೆ ಕಡಿಮೆ. ಆದರೆ ನೈಟ್‌ಲೈಫ್ ಅಂದರೆ ಹಾಸೆಲ್‌ಬಾಖ್ ಚೌಕದ ಸುತ್ತಮುತ್ತಲಿನ ಒಂದಿಷ್ಟು ಬಾರುಗಳು, ಅಷ್ಟೇ. ನಿಜವಾದ ಮಜಾ ಇರೋದು ಬರ್ಲಿನ್‌ನಲ್ಲಿ. ಲೋಕಲ್ ರೈಲಿನಲ್ಲಿ ಒಂದೂಮುಕ್ಕಾಲು ಗಂಟೆ ದಾರಿ.

ಮೊದಲು ದುಡ್ಡಿನ ಕಥೆ. ನನ್ನ ಕಾಲಕ್ಕೆ ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗೆ 934 ಯೂರೋ ಬರುತ್ತಿತ್ತು. ಈಗ ಅದು 992 ಆಗಿದೆ. ರೂಮಿಗೆ ಹತ್ತಿರ ಹತ್ತಿರ 300, ಇನ್ಶೂರೆನ್ಸಿಗೆ 120ರ ಮೇಲೆ, ರೇಷನ್ನಿಗೆ 130 ಹೋಗುತ್ತಿತ್ತು. ಅದರ ಮೇಲೆ ಫೋನು, ಸೆಮಿಸ್ಟರ್ ಫೀಸು. ಅಪ್ಪ ಮನೆ ಕಾಗದ ಇಟ್ಟು ತೆಗೆದ ಲೋನಿನ ಬಡ್ಡಿ ನಾನೇ ಕಟ್ಟುತ್ತೇನೆ ಅಂತ ಹೇಳಿ ಬಂದಿದ್ದೆ. ಅದಕ್ಕೆ ತಿಂಗಳಿಗೆ ಹದಿನೈದು ಸಾವಿರ ರೂಪಾಯಿ. ಯೂರೋಗೆ ತೊಂಬತ್ತು ಹಿಡಿದರೆ ಎಷ್ಟಾಯಿತು ನೋಡಿ. ತಿರುಗಾಡಲು ಉಳಿಯುತ್ತಿದ್ದದ್ದು ನೂರರ ಆಸುಪಾಸು. ಗೋದಾಮಿನಲ್ಲಿ ಪಾರ್ಟ್ ಟೈಮ್ ಸಿಕ್ಕ ಮೇಲೆ ಸ್ವಲ್ಪ ಕೈ ಆಡಿತು.

ಶುರುವಿನಲ್ಲಿ ಎಲ್ಲರೂ ಮಾಡೋದನ್ನೇ ನಾವೂ ಮಾಡಿದೆವು. ಶನಿವಾರ ಸಂಜೆ ಆರು ಜನ ಹುಡುಗರು ಇಸ್ತ್ರಿ ಅಂಗಿ ಹಾಕಿಕೊಂಡು ಬರ್ಲಿನ್‌ಗೆ. ಹಾಸ್ಟೆಲಿನಲ್ಲಿ ತಲೆಗೊಂದು ಮಂಚ. ವಾರದ ದಿನ 20-25 ಇರುವ ಮಂಚ ಶನಿವಾರ 50 ದಾಟುತ್ತದೆ. ರಾತ್ರಿ ಒಂದಕ್ಕೆ ಹೆಸರುವಾಸಿ ಕ್ಲಬ್ಬೊಂದರ ಲೈನಿನಲ್ಲಿ ನಿಂತೆವು. ಎರಡು ಗಂಟೆ ಚಳಿಯಲ್ಲಿ ನಿಂತ ಮೇಲೆ ಬಾಗಿಲಲ್ಲಿದ್ದವನು ನಮ್ಮನ್ನು ನೋಡಿ ತಲೆ ಅಲ್ಲಾಡಿಸಿದ. ಮುಗೀತು. ಕಾರಣ ಕೇಳುವ ಹಾಗಿಲ್ಲ, ಹೇಳುವುದೂ ಇಲ್ಲ. ಹತ್ತಿರದ ಇನ್ನೊಂದು ಕಡೆಯೂ ಅದೇ ಆಯಿತು. ಮೂರು ಗಂಟೆಗೆ ಫಲಾಫೆಲ್ ತಿಂದು, 50 ಯೂರೋ ಮಂಚದ ಮೇಲೆ ನಾಲ್ಕು ತಾಸು ಮಲಗಿ, ಹತ್ತಕ್ಕೆ ಚೆಕ್‌ಔಟ್. ತಲೆಗೆ ನೂರರ ಮೇಲೆ ಖರ್ಚು. ಒಂದು ಹಾಡಿಗೂ ಕಾಲು ಕುಣಿಸಲಿಲ್ಲ.

ಆಮೇಲೆ ರೂಮ್ ಬಿಟ್ಟು ಸ್ಟೇಷನ್‌ನಲ್ಲೇ ರಾತ್ರಿ ಕಳೆಯೋಣ ಅಂತ ನೋಡಿದೆ. ಹುಬ್ಬಳ್ಳಿಯವನಿಗೆ ಸ್ಟೇಷನ್ ಹೊಸದಾ? ಒಂದೂವರೆ ಕಿಲೋಮೀಟರ್ ಪ್ಲಾಟ್‌ಫಾರ್ಮ್ ಇರುವ ಊರಿನವರು ನಾವು, ಎಲ್ಲಿ ಬೇಕಾದರೂ ಟವೆಲ್ ಹಾಸುತ್ತೇವೆ. ಅಲ್ಲಿ ಹಾಗಲ್ಲ. ಸಣ್ಣ ಸ್ಟೇಷನ್ನುಗಳಿಗೆ ರಾತ್ರಿ ಬೀಗ ಬೀಳುತ್ತದೆ. ದೊಡ್ಡವು ತೆರೆದಿರುತ್ತವೆ, ಆದರೆ ಕಬ್ಬಿಣದ ಬೆಂಚು, ನಾಲ್ಕೂ ಕಡೆಯಿಂದ ಗಾಳಿ, ಕಣ್ಣು ಮುಚ್ಚಿದರೆ ಗಾರ್ಡು ಬಂದು ಎಬ್ಬಿಸುತ್ತಾನೆ. ಜನವರಿಯಲ್ಲಿ ಒಂದು ರಾತ್ರಿ ಮೈನಸ್ ಆರು ಏಳು ಇತ್ತು. ಆ ಪ್ರಯೋಗ ಅಲ್ಲಿಗೇ ಬಿಟ್ಟೆ.

ಇದಕ್ಕಿಂತ ಕೆಟ್ಟದ್ದು ಮ್ಯೂನಿಕ್. ಈಸ್ಟರ್ ರಜೆ ಸಿಕ್ಕಿತ್ತು, ಗುಡ್ ಫ್ರೈಡೇ ದಿನ ಹೊರಟೆವು. ಡಾಯ್ಚ್‌ಲಾಂಡ್ ಟಿಕೆಟ್ ಅನ್ನೋ ತಿಂಗಳ ಪಾಸಿನಲ್ಲಿ, ಲೋಕಲ್ ರೈಲುಗಳಲ್ಲಿ ಇಡೀ ದಿನ. ಇಳಿದು ನೋಡಿದರೆ ಕುಣಿತವೇ ಬಂದ್. ಬವೇರಿಯಾದಲ್ಲಿ ಗುಡ್ ಫ್ರೈಡೇ ಮತ್ತು ಅದರ ಮರುದಿನ ಸಾರ್ವಜನಿಕ ಡಾನ್ಸಿಗೆ ಕಾನೂನಿನ ನಿಷೇಧ ಇದೆ. ಬೇರೆ ರಾಜ್ಯಗಳಲ್ಲೂ ಇದೆ, ಹೆಚ್ಚುಕಡಿಮೆ. ಬರ್ಲಿನ್‌ನಲ್ಲಿ ಬೆಳಗಿನ ನಾಲ್ಕರಿಂದ ರಾತ್ರಿ ಒಂಬತ್ತರವರೆಗೆ ಮಾತ್ರ. ಕ್ಯಾಲೆಂಡರ್ ನೋಡದೆ ಟಿಕೆಟ್ ಮುಟ್ಟಬೇಡಿ. ಆ ಸಲ ಲಾಭ ಆದದ್ದು ಒಂದೇ. ಅದೇ ಪಾಸಿನಲ್ಲಿ ಮರುದಿನ ಆಸ್ಟ್ರಿಯಾದ ಸಾಲ್ಜ್‌ಬುರ್ಗ್ ತನಕ ಹೋಗಿ ಬಂದೆವು. ಡಾಯ್ಚ್‌ಲಾಂಡ್ ಟಿಕೆಟ್ ಗಡಿ ದಾಟಿ ಸಾಲ್ಜ್‌ಬುರ್ಗ್ ಸ್ಟೇಷನ್ ತನಕ ನಡೆಯುತ್ತದೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ.

ಈ ಟಿಕೆಟ್ ಬಂದ ಮೇಲೇ ನನ್ನ ಲೆಕ್ಕ ಬದಲಾದದ್ದು. 2023ರ ಮೇ ತಿಂಗಳಲ್ಲಿ ಶುರುವಾಯಿತು, ತಿಂಗಳಿಗೆ 49 ಯೂರೋ. 2025ಕ್ಕೆ 58 ಆಯಿತು, 2026ಕ್ಕೆ 63. ದೇಶದ ಎಲ್ಲ ಲೋಕಲ್ ರೈಲು, ಟ್ರಾಮು, ಸಿಟಿ ಬಸ್ಸು ಇದರಲ್ಲೇ. ಐಸಿಇ ಥರದ ಫಾಸ್ಟ್ ರೈಲು ಮಾತ್ರ ಇಲ್ಲ. ಅಂದ ಮೇಲೆ ಬರ್ಲಿನ್‌ಗೆ ಹೋಗಿಬರುವ ಖರ್ಚು ಸೊನ್ನೆ. ಖರ್ಚು ಸೊನ್ನೆ ಆದರೆ ಅಲ್ಲಿ ಉಳಿಯುವುದು ಯಾಕೆ?

ಬರ್ಲಿನ್‌ನ ಗುಣ ಇಲ್ಲಿ ಕೆಲಸಕ್ಕೆ ಬರುತ್ತದೆ. ಪಶ್ಚಿಮ ಬರ್ಲಿನ್‌ನಲ್ಲಿ 1949ರಲ್ಲೇ ಬಾರುಗಳು ಇಷ್ಟು ಹೊತ್ತಿಗೆ ಬಾಗಿಲು ಮುಚ್ಚಬೇಕು ಅನ್ನೋ ನಿಯಮವನ್ನು ತೆಗೆದುಹಾಕಿದರು. ಟೆಕ್ನೋ ಅನ್ನೋ ಎಲೆಕ್ಟ್ರಾನಿಕ್ ಸಂಗೀತದ ದೊಡ್ಡ ಕ್ಲಬ್ಬುಗಳು ಶನಿವಾರ ರಾತ್ರಿ ತೆರೆದರೆ ಭಾನುವಾರ ಇಡೀ ದಿನ ನಡೆದು, ಕೆಲವು ಸೋಮವಾರ ಬೆಳಿಗ್ಗೆ ಮುಚ್ಚುತ್ತವೆ. 2024ರಲ್ಲಿ ಬರ್ಲಿನ್ ಟೆಕ್ನೋವನ್ನು ಜರ್ಮನಿಯವರು ತಮ್ಮ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೇ ಸೇರಿಸಿದರು. ಅಂದರೆ ಭಾನುವಾರ ಬೆಳಿಗ್ಗೆ ಎಂಟಕ್ಕೂ ಒಳಗೆ ಅದೇ ಕತ್ತಲೆ, ಅದೇ ಬೇಸ್, ಎದೆಗೆ ಗುದ್ದುವ ಅದೇ ಸೌಂಡು. ಲೈನು ಮಾತ್ರ ಇಲ್ಲ.

ಹಾಗಾಗಿ ಶನಿವಾರ ರಾತ್ರಿ ಒಂಬತ್ತಕ್ಕೇ ಅನ್ನ ಸಾರು ಉಂಡು ನನ್ನ ಹಾಸಿಗೆಯಲ್ಲೇ ಮಲಗುತ್ತಿದ್ದೆ. ನಸುಕಿನ ರೈಲು ಹಿಡಿದು ಎಂಟರ ಸುಮಾರಿಗೆ ಬಾಗಿಲಲ್ಲಿ. ಮೈ ಹಗುರ, ಕಣ್ಣು ಕೆಂಪಿಲ್ಲ, ಬಾಯಲ್ಲಿ ಬಿಯರ್ ವಾಸನೆ ಇಲ್ಲ. ಆ ಹೊತ್ತಿಗೆ ಅಂಥ ಮುಖ ಬಾಗಿಲಿನವರಿಗೂ ಅಪರೂಪ. ಒಬ್ಬನೇ ಹೋಗಬೇಕು, ಜಾಸ್ತಿ ಅಂದರೆ ಇಬ್ಬರು. ಇಸ್ತ್ರಿ ಅಂಗಿ ಮನೆಯಲ್ಲಿರಲಿ, ಕಪ್ಪು ಟೀ ಶರ್ಟು ಸಾಕು. ಆ ದಿನ ಯಾವ ಡಿಜೆ ಅಂತ ತಿಳಿದುಕೊಂಡು ಹೋಗಿ, ಕೇಳಿದರೆ ಜರ್ಮನ್‌ನಲ್ಲಿ ಹೇಳಿ. ಬಾಗಿಲಲ್ಲಿ ಇನ್ನೊಂದು ಸಣ್ಣ ಕೆಲಸ ಮಾಡುತ್ತಿದ್ದೆ, ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅದನ್ನೇ ಮಾಡಿದರೆ ನಡೆಯುವುದಿಲ್ಲ.

ಒಳಗೆ ಹೋಗುವಾಗ ಫೋನಿನ ಕ್ಯಾಮೆರಾಕ್ಕೆ ಸ್ಟಿಕ್ಕರ್ ಅಂಟಿಸುತ್ತಾರೆ. ಫೋಟೋ ತೆಗೆದರೆ ಹೊರಗೆ. ಎಂಟ್ರಿ ಆಗ 15ರಿಂದ 25. ಕೋಟು ಇಡಲು ಎರಡು ಮೂರು ಯೂರೋ, ಕ್ಯಾಷ್ ಇರಲಿ. ನಾನು ಕುಡಿಯೋದಿಲ್ಲ. ಕ್ಲಬ್ ಮಾಟೆ ಅಂತ ಒಂದು ಬಾಟಲಿ ಸಿಗುತ್ತದೆ, ಕೆಫೀನ್ ಇರುವ ತಣ್ಣನೆಯ ಚಹಾ. ಎರಡು ಕುಡಿದರೆ ಮಧ್ಯಾಹ್ನದ ತನಕ ಕಾಲು ನಿಲ್ಲುವುದಿಲ್ಲ. ಕುಡಿಯದವನಿಗೆ ಕ್ಲಬ್ಬಿನಲ್ಲಿ ಏನು ಕೆಲಸ ಅಂತ ಎಷ್ಟೋ ಜನ ಕೇಳಿದ್ದಾರೆ. ಕುಣಿಯೋದು ಕೆಲಸ! ಅಲ್ಲಿ ಯಾರೂ ನಿನ್ನ ಗ್ಲಾಸಿನಲ್ಲಿ ಏನಿದೆ ಅಂತ ನೋಡುವುದಿಲ್ಲ. ನಮ್ಮ ಕಡೆ ಮದುವೆ ಮೆರವಣಿಗೆಯಲ್ಲಿ ಕುಣಿದಾಗಲೂ ನಾನು ಕುಡಿದಿರಲಿಲ್ಲ, ಅಲ್ವಾ? ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಿ. ಇದರಲ್ಲಿ ಕಂಜೂಸು ಬೇಡ.

ಕೈಗೆ ಮುದ್ರೆ ಒತ್ತಿದರೆ ಹೊರಗೆ ಬಂದು ಮತ್ತೆ ಹೋಗಬಹುದು, ಬಹಳ ಕಡೆ. ಮೂರು ನಾಲ್ಕು ಗಂಟೆಗೆ ಮುಗಿಸಿ ಸಂಜೆ ರೈಲು. ರಾತ್ರಿ ಮನೆಯಲ್ಲಿ ನಿದ್ದೆ, ಸೋಮವಾರ ಎಂಟರ ಲ್ಯಾಬಿಗೆ ಹಾಜರು. ಒಟ್ಟು ಖರ್ಚು 35, ಜಾಸ್ತಿ ಆದರೆ 40.

ಊಟದ ಮಾತು ಬಿಟ್ಟೆ. ಭಾನುವಾರ ಜರ್ಮನಿಯಲ್ಲಿ ಅಂಗಡಿಗಳೆಲ್ಲ ಬಂದ್, ತೆರೆದಿರೋದು ಸ್ಟೇಷನ್ ಒಳಗಿನವು, ಅಲ್ಲಿ ರೇಟು ಜಾಸ್ತಿ. ಇದಕ್ಕೆ ನನ್ನ ಔಷಧಿ ಕಡಕ್ ರೊಟ್ಟಿ. ಅವ್ವ ಡಿಸೆಂಬರಿನಲ್ಲಿ ಮಾಡಿಕೊಟ್ಟದ್ದು ಬೇಸಿಗೆಯ ತನಕ ಬಂತು. ಶೇಂಗಾ ಚಟ್ನಿ, ಅಗಸಿ ಚಟ್ನಿ, ಅರ್ಧ ಕಿಲೋ ಮೊಸರಿನ ಡಬ್ಬಿ, ಇಷ್ಟಿದ್ದರೆ ದಿನ ಕಳೆಯಿತು. ತೊಂದರೆ ಒಂದೇ, ಬ್ಯಾಗಿನಲ್ಲಿ ರೊಟ್ಟಿ ಚೂರಾಗುತ್ತಿತ್ತು. ಸ್ಟೀಲ್ ಡಬ್ಬಿ ನೋಡಿದೆ, ಬಟ್ಟೆ ಸುತ್ತಿ ನೋಡಿದೆ. ಕಡೆಗೆ ಹೊಂದಿದ್ದು ಪಿಜ್ಜಾದ ಖಾಲಿ ಬಾಕ್ಸ್! ಅಳತೆ ಹೇಳಿ ಮಾಡಿಸಿದ ಹಾಗಿತ್ತು. ಕ್ಲಬ್ಬಿಗೆ ಊಟ ಬಿಡುವುದಿಲ್ಲ, ಸ್ಟೇಷನ್ ಲಾಕರಿನಲ್ಲಿ ಇಟ್ಟು ಹೋಗಿ. ಊರಿಂದ ಬರುವಾಗ ಪೇಢಾ ಮಾತ್ರ ತರಬೇಡಿ. ಹಾಲಿನ ಪದಾರ್ಥವನ್ನು ಹೊರದೇಶದಿಂದ ಯುರೋಪಿಗೆ ತರುವ ಹಾಗಿಲ್ಲ, ಸಿಕ್ಕರೆ ಕಸದ ಬುಟ್ಟಿಗೆ. ಧಾರವಾಡದವರಿಗೆ ಇದನ್ನು ಹೇಳುವುದು ಕಷ್ಟ, ಗೊತ್ತು.

ನಡುವೆ ಬಾಟಲಿ ಆರಿಸುವ ಪ್ರಯೋಗವೂ ಆಯಿತು. ಪ್ಲಾಸ್ಟಿಕ್ ಬಾಟಲಿ, ಕ್ಯಾನು ವಾಪಸ್ ಕೊಟ್ಟರೆ 25 ಸೆಂಟ್, ಬಿಯರ್ ಬಾಟಲಿಗೆ 8 ಸೆಂಟ್. ಬೇಸಿಗೆಯ ಶನಿವಾರ ರಾತ್ರಿ ನದಿ ದಂಡೆಯ ಪಾರ್ಕಿನಲ್ಲಿ ಚೀಲ ಹಿಡಿದು ತಿರುಗಿದೆ. ಎರಡು ಮೂರು ತಾಸಿಗೆ ಎಂಟೋ ಒಂಬತ್ತೋ ಯೂರೋ. ಗೋದಾಮಿನಲ್ಲಿ ಒಂದೇ ತಾಸಿಗೆ 12 ಕೊಡುತ್ತಿದ್ದರು. ಲೆಕ್ಕ ಹೊಂದಲಿಲ್ಲ. ಅದೂ ಅಲ್ಲದೆ ಪೆನ್ಶನ್ ಸಾಲದ ಮುದುಕರು ಅದನ್ನೇ ನಂಬಿಕೊಂಡು ಬರುತ್ತಾರೆ. ಅವರ ಕೈಯಿಂದ ಕಸಿಯೋದು ಸರಿ ಕಾಣಲಿಲ್ಲ.

ಹ್ಯಾಂಬುರ್ಗ್‌ಗೆ ಬೆಳಗಿನ ವಿಧಾನ ಹೊಂದುವುದಿಲ್ಲ, ಅಲ್ಲಿ ರಾತ್ರಿಯೇ ಹೋಗಬೇಕು. ಊಲ್ಸೆನ್‌ನಲ್ಲಿ ರೈಲು ಬದಲಿಸಿ ಮೂರು ನಾಲ್ಕು ತಾಸಿನ ದಾರಿ. ಬೀಟಲ್ಸ್ 1960ರ ಹೊತ್ತಿಗೆ ಹಾಡುತ್ತಿದ್ದ ರೀಪರ್‌ಬಾನ್ ಬೀದಿಯಲ್ಲಿ ಸುತ್ತಾಡುವುದಕ್ಕೆ ದುಡ್ಡು ಬೇಕಾಗಿಲ್ಲ. ಬೀದಿಯೇ ಸಾಕು. ಬೇಸಿಗೆಯಲ್ಲಿ ಭಾನುವಾರ ಬೆಳಗಿನ ಐದಕ್ಕೆ ನದಿ ಪಕ್ಕದಲ್ಲಿ ಮೀನಿನ ಸಂತೆ ಶುರು. 1703ರಿಂದ ನಡೆದು ಬಂದ ಸಂತೆ. ರಾತ್ರಿಯೆಲ್ಲ ಕುಣಿದವರೂ, ಆಗ ತಾನೇ ಎದ್ದು ಬಂದ ಮುದುಕರೂ ಒಟ್ಟಿಗೇ ನಿಂತಿರುತ್ತಾರೆ. ಹರಾಜಿನ ಹಾಲ್‌ನಲ್ಲಿ ಬ್ಯಾಂಡ್ ಬಾರಿಸುತ್ತಿರುತ್ತದೆ. ಮೀನು ನನಗೆ ಬೇಡ. ಆದರೆ ಮುಚ್ಚುವ ಹೊತ್ತಿಗೆ ಹಣ್ಣಿನವರು ಬುಟ್ಟಿಗಟ್ಟಲೆ ಕೂಗಿ ಕೊಡುತ್ತಾರೆ, ಹತ್ತು ಯೂರೋಗೆ ಹೊರಲಾಗದಷ್ಟು. ನಮ್ಮ ಸಂತೆಯ ಹಾಗೇ ಚೌಕಾಸಿ ಮಾಡಿ, ನಗುತ್ತಾರೆ, ಕೊಡುತ್ತಾರೆ. ಆಮೇಲೆ 62ನೇ ನಂಬರಿನ ಫೆರ್ರಿ ಹತ್ತಿ, ಅದೂ ಟಿಕೆಟ್ಟಿನಲ್ಲೇ. ಮೇಲಿನ ಡೆಕ್ ಮೇಲೆ ನಿದ್ದೆ ಮಾಡಿದರೆ ಯಾರೂ ಎಬ್ಬಿಸುವುದಿಲ್ಲ.

ಚೆಕ್ ದೇಶದ ಪ್ರಾಗ್‌ಗೆ ರಾತ್ರಿ ಬಸ್ಸು. ಬೆಂಗಳೂರು ಬಸ್ಸಿನಲ್ಲಿ ಮಲಗಿ ಬೆಳೆದವರಿಗೆ ಕೂತು ಮಲಗುವುದು ಏನೂ ಅಲ್ಲ. ಅಲ್ಲಿ 24 ತಾಸಿನ ಪಾಸ್ ಆಗ 120 ಕೊರುನ, ರಾತ್ರಿ ಟ್ರಾಮುಗಳೂ ಅದರಲ್ಲೇ, 91ರಿಂದ 99. ಚಳಿಯಾದರೆ ಟ್ರಾಮ್ ಹತ್ತಿ ಕೊನೆಯ ಸ್ಟಾಪ್ ತನಕ ಹೋಗಿ ವಾಪಸ್ ಬನ್ನಿ. ಬರುವಾಗ ಗಡಿಯಲ್ಲಿ ಪೊಲೀಸರು ಬಸ್ ಹತ್ತುತ್ತಾರೆ. ಪಾಸ್‌ಪೋರ್ಟು, ರೆಸಿಡೆನ್ಸ್ ಕಾರ್ಡು ಎರಡೂ ಮೈಮೇಲೇ ಇರಲಿ, ಡಿಕ್ಕಿಯ ಬ್ಯಾಗಿನಲ್ಲಿ ಅಲ್ಲ.

ನನ್ನ ಹೆಮ್ಮೆ ಇರೋದು ಬಾಸೆಲ್ ಬಗ್ಗೆ. ಸ್ವಿಸ್‌ನಲ್ಲಿ ರೂಮು ಅಂದರೆ ನಮ್ಮಂಥವರು ಎದ್ದು ಓಡಬೇಕು. ಆದರೆ ಅಲ್ಲಿನ ಫಾಸ್‌ನಾಖ್ಟ್ ಹಬ್ಬ ಶುರುವಾಗುವುದೇ ಸೋಮವಾರ ಬೆಳಗಿನ ನಾಲ್ಕಕ್ಕೆ. ಅಂದ ಮೇಲೆ ರೂಮು ಯಾರಿಗೆ ಬೇಕು? 2024ರ ಫೆಬ್ರವರಿಯಲ್ಲಿ ಹೊರಟೆ. ಡಾಯ್ಚ್‌ಲಾಂಡ್ ಟಿಕೆಟ್ ಬಾಸೆಲ್‌ನ ಬಾಡಿಷರ್ ಸ್ಟೇಷನ್ ತನಕ ನಡೆಯುತ್ತದೆ. ಇಡೀ ದಿನದ ಪ್ರಯಾಣ, ಐದಾರು ಕಡೆ ಇಳಿದು ಹತ್ತಿ, ಮಡಿಲಲ್ಲಿ ಪಿಜ್ಜಾ ಬಾಕ್ಸು. ಸರಿಯಾಗಿ ನಾಲ್ಕಕ್ಕೆ ಹಳೇ ಊರಿನ ಬೀದಿ ದೀಪಗಳೆಲ್ಲ ಒಮ್ಮೆಗೇ ಆರಿದವು. ಆ ಕತ್ತಲಲ್ಲಿ ಮನುಷ್ಯನಿಗಿಂತ ಎತ್ತರದ ಚಿತ್ರ ಬರೆದ ಲಾಟೀನುಗಳು, ಡೋಲು, ಸಣ್ಣ ಕೊಳಲು, ಮುಖವಾಡ ಹಾಕಿದ ಸಾವಿರಾರು ಜನ. ಮೈ ಜುಮ್ ಅಂತು. ಹಬ್ಬದ ಬ್ಯಾಡ್ಜ್ ಕೊಂಡುಕೊಳ್ಳಿ, ತಾಮ್ರದ್ದು ಹತ್ತು ಫ್ರಾಂಕಿನ ಸುಮಾರು. ಇಲ್ಲದಿದ್ದರೆ ಬಣ್ಣದ ಕಾಗದದ ಚೂರನ್ನು ಅಂಗಿಯೊಳಗೆಲ್ಲ ತುಂಬುತ್ತಾರೆ. ಬೆಳಗಾದ ಮೇಲೆ ಬಿಸಿ ಈರುಳ್ಳಿ ಕಡುಬಿನಂಥದ್ದು ತಿಂದು ಮಿಷನ್‌ಸ್ಟ್ರಾಸೆಗೆ ನಡೆದು ಹೋದೆ. ಬಾಸೆಲ್ ಮಿಷನ್ ಕಟ್ಟಡ ಇರೋದು ಅಲ್ಲೇ, 21ನೇ ನಂಬರು. 1834ರಲ್ಲಿ ಮಂಗಳೂರಿಗೆ ಬಂದು, ಆಮೇಲೆ ನಮ್ಮ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗೆ ಶಾಲೆ ತಂದವರು ಹೊರಟದ್ದು ಈ ಊರಿಂದ. ಕಿಟೆಲ್ ಸಾಹೇಬರೂ ಈ ಮಿಷನ್‌ನವರೇ. ನಾನು ಓದಿದ್ದು ಅವರ ಹೆಸರಿನ ಕಾಲೇಜಿನಲ್ಲಿ. ರಾತ್ರಿಯಿಡೀ ಮಲಗಿರಲಿಲ್ಲ, ಕೂದಲ ತುಂಬ ಕಾಗದದ ಚೂರು. ಗೇಟಿನ ಮುಂದೆ ಒಂದು ಸೆಲ್ಫಿ ತೆಗೆದು ಅಪ್ಪನಿಗೆ ಕಳಿಸಿದೆ. "ಓದಾಕ ಹೋಗೀಯೋ, ತಿರಗಾಕ ಹೋಗೀಯೋ?" ಅಂತ ಉತ್ತರ ಬಂತು. ಬಡ್ಡಿ ಆ ತಿಂಗಳೂ ಸರಿಯಾದ ದಿನಕ್ಕೇ ಕಟ್ಟಿದ್ದೆ, ಹಾಗಾಗಿ ಮುಂದೆ ಏನೂ ಅನ್ನಲಿಲ್ಲ.

ಯಾವ ಕ್ಲಬ್ಬು, ಬಾಗಿಲಲ್ಲಿ ಮಾಡುತ್ತಿದ್ದ ಕೆಲಸ ಯಾವುದು ಅಂತ ಫೋನ್ ಮಾಡಿ ಪೀಡಿಸಬೇಡಿ. ಉಣಕಲ್ ಕೆರೆ ಕಡೆ ಸಂಜೆ ಸಿಕ್ಕು ಗಿರ್ಮಿಟ್ಟು, ಎರಡು ಮಿರ್ಚಿ ಕೊಡಿಸಿದರೆ ನೋಡೋಣ.